ಮಾಗಿಯ ಕಾಲ ಮತ್ತು ಓಟದ ಮಕ್ಕಳು

ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಪ್ರೌಢಶಾಲೆಗಳಲ್ಲಿ ಓಟದ ಋತು ಶೈಕ್ಷಣಿಕ ವರ್ಷದ ಮೊದಲರ್ಧದಲ್ಲೇ ಬಹುಮಟ್ಟಿಗೆ ಮುಗಿದುಹೋಗುತ್ತದೆ. ‘ಕುರುವಟ್ಟ’ವೆಂದು ಕರೆಯಲಾಗುವ, ಅಕ್ಕಪಕ್ಕದ ಕೆಲವು ಶಾಲೆಗಳನ್ನು ಒಂದುಗೂಡಿಸಿದ ವಲಯಮಟ್ಟದ ಸ್ಪರ್ಧೆಗಳಿಂದ ಆರಂಭಗೊಂಡು ಕಂದಾಯ ಜಿಲ್ಲೆಯ ಮಟ್ಟಕ್ಕೂ ಅಲ್ಲಿಂದ ಗಣರಾಜ್ಯೋತ್ಸವದ ಹೆಸರಿನಲ್ಲಿ ನಡೆಯುವ ರಾಜ್ಯಮಟ್ಟದ ಅಥ್ಲೆಟಿಕ್ಸ್ ಕೂಟಕ್ಕೂ ಏರುವ ಈ ಶ್ರೇಣಿಯಲ್ಲಿ ಹೆಚ್ಚಿನ ಮಕ್ಕಳು ಮೊದಲ ಅಥವಾ ಎರಡನೆಯ ಹಂತದಲ್ಲೇ ಉಳಿಯುತ್ತಾರೆ. ಡಿಸೆಂಬರಿನ ಅರ್ಧವಾರ್ಷಿಕ ಪರೀಕ್ಷೆ ಬರುವ ಹೊತ್ತಿಗೆ ಅವರ ಓಟ ನಿಂತಿರುತ್ತದೆ. ಪೊಂಗಲ್ ಕಳೆಯಿತೆಂದರೆ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯವರಿಗೆ ಸಾರ್ವಜನಿಕ ಪರೀಕ್ಷೆಯ ಚಿಂತೆ ಹತ್ತಿಕೊಳ್ಳುತ್ತದೆ. ಮತ್ತೆ ಮೈದಾನಕ್ಕಿಳಿಯುವುದು ಜೂನ್ ಕಳೆದ ಮೇಲೆಯೇ. ಕನ್ನಡ ಸಂಘದ ಈ ಸ್ಮರಣ ಸಂಚಿಕೆ ಹೊರಬರುತ್ತಿರುವುದು ಆ ವಿರಾಮದ ಹೊಸ್ತಿಲಲ್ಲಿ. ಸ್ಪರ್ಧೆಗಳು ಮುಗಿದ ಮೇಲಿನ ತಿಂಗಳುಗಳೇ ದೂರದ ಓಟಗಾರರನ್ನು ರೂಪಿಸುವ ತಿಂಗಳುಗಳೆಂಬುದನ್ನು ಎರಡೂ ಜಿಲ್ಲೆಗಳ ಕನ್ನಡ ಕುಟುಂಬಗಳ ಗಮನಕ್ಕೆ ತರುವುದು ಸಂಪಾದಕ ಮಂಡಳಿಗೆ ಅಗತ್ಯವೆನಿಸಿದೆ.

ಟ್ರ್ಯಾಕಿನ 400 ಮೀಟರ್ ಸುತ್ತುಗಳನ್ನು ಬಿಟ್ಟು ಹುಲ್ಲು, ಮಣ್ಣು, ಏರು, ಇಳಿಜಾರುಗಳ ಮೇಲೆ ನಡೆಯುವ ದೂರದ ಓಟಕ್ಕೆ ಗುಡ್ಡಗಾಡು ಓಟ ಅಥವಾ ಕ್ರಾಸ್ ಕಂಟ್ರಿ ಎಂದು ಹೆಸರು. 19ನೆಯ ಶತಮಾನದ ಇಂಗ್ಲೆಂಡಿನ ಶಾಲೆಗಳಲ್ಲಿ ಬೆಳೆದ ಈ ಓಟ ಹುಟ್ಟಿನಿಂದಲೇ ಚಳಿಗಾಲದ ಕ್ರೀಡೆ. ಅದನ್ನು ಬೇಸಿಗೆಗೆ ಎಳೆದು ತಂದಾಗ ಏನಾಗುತ್ತದೆಂಬುದಕ್ಕೆ 1924ರ ಪ್ಯಾರಿಸ್ ಒಲಿಂಪಿಕ್ಸ್ ಸಾಕ್ಷಿಯಾಗಿದೆ. ಆ ವರ್ಷದ ಜುಲೈ 12ರಂದು, ಉಷ್ಣತೆ 40 ಡಿಗ್ರಿ ದಾಟಿದ್ದ ಮಧ್ಯಾಹ್ನ ಹೊರಟ 38 ಓಟಗಾರರಲ್ಲಿ ಗುರಿ ಮುಟ್ಟಿದವರು 15 ಮಂದಿ ಮಾತ್ರ. ಫಿನ್ಲೆಂಡಿನ ಪಾವೊ ನುರ್ಮಿ ದಣಿವೇ ಕಾಣದಂತೆ ಗೆದ್ದರೂ ಉಳಿದವರಲ್ಲಿ ಹಲವರು ದಾರಿಯುದ್ದಕ್ಕೂ ಕುಸಿದು ಬಿದ್ದುದರಿಂದ, 1912ರಲ್ಲಿ ಒಲಿಂಪಿಕ್ಸ್ ಸೇರಿದ್ದ ಈ ಸ್ಪರ್ಧೆಯನ್ನು ಅಲ್ಲಿಗೇ ಕೈಬಿಡಲಾಯಿತು. 1973ರಲ್ಲಿ ಆರಂಭವಾದ ವಿಶ್ವ ಗುಡ್ಡಗಾಡು ಓಟದ ಕೂಟವಾಗಲಿ, ಭಾರತದ ರಾಷ್ಟ್ರೀಯ ಕೂಟವಾಗಲಿ ಸಾಮಾನ್ಯವಾಗಿ ಹೊಸ ವರ್ಷದ ಮೊದಲ ತಿಂಗಳುಗಳಲ್ಲೇ ನಡೆಯುತ್ತ ಬಂದಿವೆ. ರಾಷ್ಟ್ರೀಯ ಕೂಟದಲ್ಲಿ 16 ವರ್ಷದೊಳಗಿನವರಿಗೆ 2 ಕಿಲೋಮೀಟರ್, 18ರೊಳಗಿನ ಹುಡುಗರಿಗೆ 6 ಮತ್ತು ಹುಡುಗಿಯರಿಗೆ 4, 20ರೊಳಗಿನ ಯುವಕರಿಗೆ 8 ಮತ್ತು ಯುವತಿಯರಿಗೆ 6 ಕಿಲೋಮೀಟರ್ ದೂರವಿರುತ್ತದೆ. ಹೀಗಾಗಿ ಶಾಲೆಯ ಪಂಚಾಂಗದಲ್ಲಿ ಓಟ ಮುಗಿಯುವ ವೇಳೆಗೆ ಗುಡ್ಡಗಾಡು ಓಟದ ನಿಜವಾದ ಕಾಲ ಆರಂಭವಾಗುತ್ತದೆ. ವಲಯಮಟ್ಟದ 3,000 ಮೀಟರ್ ಓಟದಲ್ಲಿ ನಾಲ್ಕನೆಯವರಾಗಿ ಬಂದು ಮನೆಗೆ ಮರಳಿದ ಮಗುವಿಗೆ ಇನ್ನೊಂದು ಬಾಗಿಲು ತೆರೆದಿದೆಯೆಂದು ಹೇಳುವವರು ಬಹಳ ಕಡೆ ಇಲ್ಲ.

ಹವಾಮಾನದ ದೃಷ್ಟಿಯಿಂದಲೂ ಈ ವಿರಾಮ ದೊಡ್ಡ ನಷ್ಟ. ಸಮುದ್ರಮಟ್ಟದಿಂದ ಸುಮಾರು 280 ಮೀಟರ್ ಎತ್ತರದಲ್ಲಿ, ಬೆಟ್ಟಗಳ ನಡುವೆ ಕುಳಿತ ಸೇಲಂ ನಗರದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ತೊಪ್ಪೂರು ಘಾಟಿ ಹತ್ತಿದ ಮೇಲೆ ಸಿಗುವ ಧರ್ಮಪುರಿ ಇನ್ನಷ್ಟು ಎತ್ತರದಲ್ಲಿದ್ದರೂ ಅಲ್ಲಿನ ಬಿಸಿಲೂ ಕಡಿಮೆಯದಲ್ಲ. ಹಿಂಗಾರು ಮಳೆ ಹಿಂದೆಗೆಯುವ ಡಿಸೆಂಬರ್ ನಡುವಿನಿಂದ ಬಿಸಿಲು ಬಲಿಯುವ ಮಾರ್ಚ್ ಆರಂಭದವರೆಗಿನ ಮಾಗಿಯ ಕಾಲವೊಂದೇ ಇಲ್ಲಿ ಮಕ್ಕಳು ಮೈ ಕಾಯದೆ, ನೀರು ಹಿಂಗದೆ ದೀರ್ಘವಾಗಿ ಓಡಬಲ್ಲ ಕಾಲ. ಯುರೋಪ್ ಮತ್ತು ಅಮೆರಿಕದ ಶಾಲಾ ತಂಡಗಳು ಹಿಮ, ಕತ್ತಲೆ, ಜಾರುವ ರಸ್ತೆಗಳ ನಡುವೆಯೂ ಚಳಿಗಾಲದ ತರಬೇತಿಯನ್ನು ಬಿಡದೆ ನಡೆಸುತ್ತವೆ; ಈ ಜಿಲ್ಲೆಗಳಲ್ಲಿ ಪ್ರಕೃತಿಯೇ ಹದ ಮಾಡಿಕೊಟ್ಟ ಮುಂಜಾವುಗಳು ವ್ಯರ್ಥವಾಗಿ ಕಳೆದುಹೋಗುತ್ತಿವೆ. ಧನುರ್ಮಾಸದಲ್ಲಿ, ಇಲ್ಲಿಯವರ ಮಾತಿನಲ್ಲಿ ಮಾರ್ಗಳಿಯಲ್ಲಿ, ಮನೆಮಂದಿ ಹೇಗೂ ನಸುಕಿಗೇ ಎದ್ದು ಅಂಗಳಕ್ಕೆ ನೀರು ಹಾಕಿ ರಂಗೋಲಿ ಇಡುತ್ತಾರಾದ್ದರಿಂದ ಮಕ್ಕಳನ್ನು ಎಬ್ಬಿಸುವುದೂ ಆಗ ಹೊಸ ಕಷ್ಟವೇನಲ್ಲ.

ಋತು ಮುಗಿದೊಡನೆ ಹತ್ತು ಹದಿನೈದು ದಿನ ಸಂಪೂರ್ಣ ವಿಶ್ರಾಂತಿ ಬೇಕೇ ಬೇಕು. ತಿಂಗಳುಗಟ್ಟಲೆ ದುಡಿದ ಸ್ನಾಯುಗಳಿಗೂ ಮನಸ್ಸಿಗೂ ಅದು ಸಲ್ಲತಕ್ಕದ್ದು. ಆದರೆ ವಿಶ್ರಾಂತಿ ಅದನ್ನು ಮೀರಿ ಬೆಳೆದಂತೆ ದೇಹ ಗಳಿಸಿದ್ದನ್ನು ಕಳೆದುಕೊಳ್ಳುತ್ತ ಹೋಗುತ್ತದೆ: ಮೊದಲು ರಕ್ತದ ದ್ರವಾಂಶ ಇಳಿಯುತ್ತದೆ, ಹೃದಯ ಒಂದು ಬಡಿತಕ್ಕೆ ಹೊರಹಾಕುವ ರಕ್ತದ ಪ್ರಮಾಣ ತಗ್ಗುತ್ತದೆ, ಬಳಿಕ ಸ್ನಾಯುಕೋಶಗಳ ಒಳಗೆ ಆಮ್ಲಜನಕವನ್ನು ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳ ಸಾಮರ್ಥ್ಯ ಕುಗ್ಗುತ್ತದೆ. ಜೂನ್ ನಂತರ ಮತ್ತೆ ಓಟಕ್ಕಿಳಿಯುವ ಮಗು ಪ್ರತಿವರ್ಷವೂ ಮೊದಲಿನಿಂದಲೇ ಆರಂಭಿಸಬೇಕಾಗುತ್ತದೆ. ಪ್ರತಿಭೆಯಿದ್ದೂ ಮುಂದೆ ಬರಲಿಲ್ಲವೆಂಬ ಮಾತಿಗೆ ಅನೇಕ ಸಲ ಕಾರಣ ಇಷ್ಟೇ.

ಸ್ಪರ್ಧೆಯಿಲ್ಲದ ತಿಂಗಳುಗಳಲ್ಲಿ ನಿಧಾನವಾಗಿ, ದೀರ್ಘವಾಗಿ ಓಡಿ ಸಹನಶಕ್ತಿಯ ತಳಹದಿ ಹಾಕುವ ಪದ್ಧತಿಗೆ ಜಗತ್ತಿನಲ್ಲಿ ಖ್ಯಾತಿ ತಂದವರು ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರಿನಲ್ಲೂ ಮರ್ರೆ ಹಾಲ್‌ಬರ್ಗ್ 5,000 ಮೀಟರಿನಲ್ಲೂ ಒಂದೇ ದಿನ ಚಿನ್ನ ಗೆದ್ದರು. ಎರಡು ನಿಮಿಷದೊಳಗೆ ಮುಗಿಯುವ ಓಟಕ್ಕಾಗಿ ಸ್ನೆಲ್ ಆಕ್ಲೆಂಡಿನ ಗುಡ್ಡಗಳಲ್ಲಿ ಸುಮಾರು 35 ಕಿಲೋಮೀಟರ್ ದೂರದ ಓಟಗಳನ್ನು ಅಭ್ಯಾಸ ಮಾಡಿದ್ದರು. ಲಿಡಿಯಾರ್ಡರ ವಾರಕ್ಕೆ 160 ಕಿಲೋಮೀಟರಿನ ಲೆಕ್ಕ ಪ್ರೌಢ ದೇಹಗಳಿಗೆ ಸೇರಿದ್ದು, ಶಾಲಾಮಕ್ಕಳಿಗೆ ಅದನ್ನು ಹೇರಬಾರದು. ಅನುಸರಿಸಬೇಕಾದದ್ದು ತತ್ವವನ್ನು ಮಾತ್ರ: ಮೊದಲು ತಳಹದಿ, ಆಮೇಲೆ ವೇಗ. ಹದಿನಾಲ್ಕು ಹದಿನೈದರ ವಯಸ್ಸಿನವರಿಗೆ ವಾರದಲ್ಲಿ ನಾಲ್ಕೈದು ದಿನ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯವರೆಗಿನ ಹಗುರ ಓಟ, ಅದರಲ್ಲಿ ಒಂದು ದಿನ ತುಸು ದೂರದ ಓಟ, ಒಂದು ದಿನ ಏರುದಾರಿಯ ಅಭ್ಯಾಸ, ಎರಡು ಮೂರು ದಿನ ಬಿಡುವು ಎಂಬಷ್ಟೇ ಸಾಕು. ಓಟ ಹಗುರವಾಗಿದೆಯೇ ಎಂದು ತಿಳಿಯಲು ಗಡಿಯಾರವಾಗಲಿ ಯಂತ್ರವಾಗಲಿ ಬೇಕಿಲ್ಲ; ಜೊತೆಯವರೊಡನೆ ಏದುಸಿರಿಲ್ಲದೆ ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತ ಓಡಲು ಆಗುತ್ತಿದ್ದರೆ ವೇಗ ಸರಿಯಾಗಿದೆಯೆಂದೇ ಅರ್ಥ.

ಇದಕ್ಕೆ ಬೇಕಾದ ನೆಲ ಎರಡೂ ಜಿಲ್ಲೆಗಳಲ್ಲಿ ಧಾರಾಳವಾಗಿದೆ. ಕೆರೆ ಏರಿಗಳು, ಮಾವಿನ ತೋಪುಗಳ ನಡುವಿನ ಬಂಡಿದಾರಿಗಳು, ಮರಗೆಣಸಿನ ಹೊಲಗಳ ಅಂಚು, ರಾಗಿ ಕೊಯ್ಲಾಗಿ ಖಾಲಿ ಬಿದ್ದ ಭೂಮಿ ಇವೆಲ್ಲ ಡಾಂಬರು ರಸ್ತೆಗಿಂತ ಎಳೆಯ ಮೂಳೆಗಳಿಗೆ ಹಿತ. ಕೊಯ್ದ ಹೊಲದಲ್ಲಿ ಉಳಿದ ರಾಗಿಯ ಕೂಳೆ ಮಾತ್ರ ಬರಿಗಾಲಿಗೆ ಚುಚ್ಚುವಷ್ಟು ಗಡುಸಾಗಿರುವುದರಿಂದ ಅಲ್ಲಿ ಶೂ ಇಲ್ಲದೆ ಮಕ್ಕಳನ್ನು ಬಿಡಬಾರದು. ಹೆದ್ದಾರಿಯ ಅಂಚಿನಲ್ಲಿ ನಸುಕಿಗೆ ಓಡುವುದಂತೂ ಖಂಡಿತ ಕೂಡದು. ಬೆಂಗಳೂರು ದಿಕ್ಕಿನಿಂದ ಭಾರಿ ಲಾರಿಗಳು ಇಳಿಯುವ ತೊಪ್ಪೂರು ಘಾಟಿಯ ಅಪಘಾತಗಳ ಚರಿತ್ರೆ ಎಲ್ಲರಿಗೂ ಗೊತ್ತಿದೆ. ಏರುದಾರಿಯ ಮಾತು ಬಂದಾಗ ಏರ್ಕಾಡು ಬೆಟ್ಟದ ಬಗೆಗೆ ಒಂದು ತಪ್ಪು ತಿಳಿವಳಿಕೆ ಪ್ರಚಲಿತವಾಗಿದೆ. ವಿರಳ ಗಾಳಿಯಲ್ಲಿ ದೇಹವು ಹೆಚ್ಚು ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆಂಬ ಎತ್ತರದ ತರಬೇತಿಯ ಪ್ರಯೋಜನ ಸಾಮಾನ್ಯವಾಗಿ 2,000 ಮೀಟರಿನ ಆಸುಪಾಸಿನಿಂದ ಮೇಲಕ್ಕೆ, ಅದೂ ವಾರಗಟ್ಟಲೆ ಅಲ್ಲೇ ವಾಸವಿದ್ದರೆ ದೊರೆಯತಕ್ಕದ್ದು. ಸುಮಾರು 1,500 ಮೀಟರಿನ ಏರ್ಕಾಡಿಗೆ ಭಾನುವಾರ ಹೋಗಿ ಬರುವುದರಿಂದ ಅದು ಸಿಗಲಾರದು. ಅಲ್ಲಿ ನಿಜವಾಗಿ ಸಿಗುವುದು ಏರುದಾರಿಯ ಲಾಭ. ಏರು ಹತ್ತುವಾಗ ಮೊಣಕಾಲು ಎತ್ತಲೇಬೇಕಾಗುತ್ತದೆ, ಹೆಜ್ಜೆ ಚಿಕ್ಕದಾಗಿ ಪಾದದ ಮುಂಭಾಗ ದುಡಿಯುತ್ತದೆ, ನೆಲಕ್ಕೆ ಬಡಿಯುವ ಪೆಟ್ಟು ಕಡಿಮೆಯಾಗುತ್ತದೆ. ಆ ಲಾಭಕ್ಕೆ ಏರ್ಕಾಡಿನವರೆಗೂ ಹೋಗಬೇಕಾಗಿಲ್ಲ, ಊರ ಪಕ್ಕದ ನೂರು ಮೀಟರಿನ ದಿಬ್ಬವೇ ಸಾಕು.

ಓಟಕ್ಕಿಂತ ಹೆಚ್ಚಿನ ಗಮನ ಬೇಡುವುದು ಓಡುವ ದೇಹ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ಶೇಕಡ 59.1ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಕಡಿಮೆಯಿದ್ದಾಗ ಎಂಥ ತರಬೇತಿಯೂ ಫಲ ಕೊಡದು. ಕೊನೆಯ ಸುತ್ತಿನಲ್ಲಿ ಕಾಲು ಸೋಲುವ ಹುಡುಗಿಗೆ ಮನೋಬಲ ಸಾಲದೆಂದು ಬೈಯುವ ಮೊದಲು ಅವಳ ರಕ್ತಪರೀಕ್ಷೆ ಮಾಡಿಸುವುದು ಹಿರಿಯರ ಕರ್ತವ್ಯ. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ತಪ್ಪದೆ ನುಂಗಿಸಬೇಕು, ಊಟದೊಡನೆ ಟೀ ಕುಡಿಸಬಾರದು, ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಬೇಕು. ರಕ್ತದ ಬಳಿಕ ಗಮನಿಸಬೇಕಾದದ್ದು ಮೂಳೆಯ ಆರೋಗ್ಯ. ಓಟ ಹೆಚ್ಚಿದಂತೆ ಮೊಣಕಾಲಿನ ಕೆಳಗಿನ ಮುಂಗಾಲ ಮೂಳೆಯ ಒಳಅಂಚಿನಲ್ಲಿ ನೋವು ಕಾಣಿಸಿಕೊಳ್ಳುವುದು ಸಾಮಾನ್ಯ. ಬೆರಳಿನಿಂದ ಒತ್ತಿದಾಗ ನೋವು ಉದ್ದಕ್ಕೂ ಹರಡಿದಂತಿದ್ದರೆ ಕೆಲವು ದಿನಗಳ ಬಿಡುವಿನಿಂದ ಬಹುಮಟ್ಟಿಗೆ ಗುಣವಾಗುತ್ತದೆ, ಒಂದೇ ಬಿಂದುವಿನಲ್ಲಿ ಚುರುಕ್ಕೆಂದರೆ ಸೂಕ್ಷ್ಮ ಬಿರುಕಿನ ಶಂಕೆಯಿಂದ ವೈದ್ಯರಿಗೆ ತೋರಿಸಲೇಬೇಕು. ಮುದ್ದೆಯೆಂದೋ ಕಳಿಯೆಂದೋ ಈ ಸೀಮೆಯ ಮನೆಗಳಲ್ಲಿ ಇಂದಿಗೂ ಉಳಿದಿರುವ ರಾಗಿಯ ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿರುವುದು ಓಟದ ಮಕ್ಕಳ ಭಾಗ್ಯ. ಇದಕ್ಕೆ ವಿರುದ್ಧವಾಗಿ ಧರ್ಮಪುರಿ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿದ್ದು, ಲೀಟರಿಗೆ 1.5 ಮಿಲಿಗ್ರಾಮಿನ ಗರಿಷ್ಠ ಮಿತಿ ದಾಟಿದ ಇಂಥ ನೀರು ವರ್ಷಗಟ್ಟಲೆ ಹೊಟ್ಟೆ ಸೇರಿದರೆ ಹಲ್ಲು, ಮೂಳೆ, ಕೀಲುಗಳು ಕೆಡುತ್ತವೆ. 2013ರಲ್ಲಿ ಚಾಲನೆಗೊಂಡ ಹೊಗೇನಕಲ್ ಕುಡಿಯುವ ನೀರು ಮತ್ತು ಫ್ಲೋರೋಸಿಸ್ ನಿವಾರಣಾ ಯೋಜನೆ ಹುಟ್ಟಿದ್ದೇ ಈ ಕಾರಣಕ್ಕಾಗಿ. ಓಟದ ಬಳಿಕ ದಾರಿಬದಿಯ ಕೊಳವೆಬಾವಿಯ ನೀರನ್ನು ಹೊಟ್ಟೆ ತುಂಬ ಕುಡಿಯುವ ಅಭ್ಯಾಸ ಮಕ್ಕಳಲ್ಲಿ ಇದ್ದಲ್ಲಿ ಬಿಡಿಸಿ, ಮನೆಯಿಂದ ಆ ಯೋಜನೆಯ ಕಾವೇರಿ ನೀರಿನ ಸೀಸೆ ಕಳಿಸುವುದು ಒಳ್ಳೆಯದು.

ದೊಡ್ಡ ಸೌಕರ್ಯಗಳಿಲ್ಲದ ಸೀಮೆಗಳಿಂದ ದೂರದ ಓಟಗಾರರು ಬಂದಿರುವುದಕ್ಕೆ ನಿದರ್ಶನಗಳು ಕಡಿಮೆಯಿಲ್ಲ. 1920ರ ಆ್ಯಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಟದಲ್ಲಿ 2 ಗಂಟೆ 50 ನಿಮಿಷಗಳ ಆಸುಪಾಸಿನಲ್ಲಿ ಗುರಿ ಮುಟ್ಟಿ 19ನೆಯವರಾದ ಫಡೆಪ್ಪ ದಾರೆಪ್ಪ ಚೌಗುಲೆ ಬೆಳಗಾವಿಯವರು. 2017ರಲ್ಲಿ ಭುವನೇಶ್ವರದ ಏಷ್ಯನ್ ಅಥ್ಲೆಟಿಕ್ಸ್ ಕೂಟದಲ್ಲಿ 5,000 ಮತ್ತು 10,000 ಮೀಟರ್ ಎರಡರಲ್ಲೂ ಚಿನ್ನ ಗೆದ್ದ ಗೋವಿಂದನ್ ಲಕ್ಷ್ಮಣನ್, 2016ರ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಅವೇ ಎರಡು ಓಟಗಳ ಚಿನ್ನ ಪಡೆದ ಎಲ್. ಸೂರಿಯಾ ಇಬ್ಬರೂ ಮಳೆ ನಂಬಿದ ಪುದುಕ್ಕೋಟ್ಟೈ ಜಿಲ್ಲೆಯವರು. ಅಲ್ಲಿ ಸಾಧ್ಯವಾದದ್ದು ಹರಕೆ ಹೊತ್ತು ಮೆಟ್ಟೂರು, ಪಾಲಾರ್ ದಾರಿಯಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವ ಈ ಸೀಮೆಯ ಜನರ ಮಕ್ಕಳಿಗೆ ಅಸಾಧ್ಯವೆನ್ನಲು ಕಾರಣವಿಲ್ಲ.

ಗುಡ್ಡಗಾಡು ಓಟದ ತಂಡದ ಲೆಕ್ಕಾಚಾರ ವಿಶಿಷ್ಟವಾದುದು. ಪ್ರತಿಯೊಬ್ಬರೂ ಎಷ್ಟನೆಯವರಾಗಿ ಬಂದರೋ ಅಷ್ಟು ಅಂಕಗಳನ್ನು ಕೂಡಿಸಿ, ಮೊತ್ತ ಕಡಿಮೆಯಿರುವ ತಂಡವನ್ನು ಗೆದ್ದಿತೆಂದು ಸಾರುತ್ತಾರೆ. ನಾಲ್ವರ ಸ್ಥಾನ ಎಣಿಕೆಗೆ ಬರುವ ಓಟದಲ್ಲಿ ಒಂದು ಶಾಲೆಯವರು 1, 2, 20, 25ನೆಯವರಾದರೆ ಮೊತ್ತ 48. ಇನ್ನೊಂದು ಶಾಲೆಯವರು 7, 9, 11, 14ನೆಯವರಾದರೆ ಮೊತ್ತ 41, ಗೆಲುವು ಅವರದೇ. ಎಲ್ಲರಿಗಿಂತ ಮುಂದೆ ಓಡಿದವನನ್ನು ಮಾತ್ರ ಕೊಂಡಾಡುವ ರೂಢಿಗೆ ಇಲ್ಲಿ ಬೆಲೆಯಿಲ್ಲ. ತಂಡದ ನಾಲ್ಕನೆಯ ಮಗುವನ್ನು ಎರಡು ಸ್ಥಾನ ಮೇಲಕ್ಕೆ ತಂದ ಚಳಿಗಾಲದ ಅಭ್ಯಾಸಕ್ಕೆ ಬೆಲೆಯಿದೆ. ಹೀಗೆ ಗುಂಪಾಗಿ, ಮಾತಾಡುತ್ತ ಓಡುವ ಬೆಳಗುಗಳಿಂದ ಕನ್ನಡಕ್ಕೂ ಒಂದು ಉಪಕಾರವಾಗುವುದನ್ನು ಸಂಘ ಮರೆಯಲಾಗದು. ಶಾಲೆಯ ತಮಿಳು ಮತ್ತು ಇಂಗ್ಲಿಷಿನ ನಡುವೆ ಅಡುಗೆಮನೆಯಷ್ಟಕ್ಕೆ ಸೀಮಿತವಾಗುತ್ತಿರುವ ಮನೆಮಾತಿಗೆ ಗೆಳೆಯರ ನಡುವೆ ಸಲೀಸಾಗಿ ಹೊರಬರಲು ದಿನಕ್ಕೆ ಅರ್ಧ ಗಂಟೆ ಸಿಗುತ್ತದೆ. ತಮಿಳು ಮನೆಯ ಮಕ್ಕಳೂ ಜೊತೆಗೂಡಿದರೆ ಅದು ಇನ್ನೂ ಸಂತೋಷದ ಸಂಗತಿ.

ಪರೀಕ್ಷೆಯ ವರ್ಷದ ಮಕ್ಕಳ ತಂದೆತಾಯಂದಿರ ಆತಂಕ ಸಹಜವಾದುದೇ. ಆದರೆ ಬೆಳಗಿನ ಅರ್ಧ ಗಂಟೆಯ ಹಗುರ ಓಟದಿಂದ ಓದಿಗೆ ಕುತ್ತು ಬರುವುದಿಲ್ಲ. ರಾತ್ರಿ ಬೇಗ ಮಲಗುವ ನಿಯಮ ಕೂಡಿದರೆ ಓದಿಗೆ ಅನುಕೂಲವೇ ಆಗುತ್ತದೆ. ಮಕ್ಕಳನ್ನು ಕತ್ತಲಲ್ಲಿ ಒಂಟಿಯಾಗಿ ಕಳಿಸುವುದು, ಅದರಲ್ಲೂ ಹೆಣ್ಣುಮಕ್ಕಳನ್ನು ಕಳಿಸುವುದು ಯಾರಿಗೂ ಸಾಧ್ಯವಿಲ್ಲವಾದ್ದರಿಂದ ಪ್ರತಿ ಊರಿನಲ್ಲೂ ಜೊತೆಗಿರುವ ಹಿರಿಯರೊಬ್ಬರು ಅತ್ಯಗತ್ಯ. ಓಡಬಲ್ಲವರೇ ಆಗಬೇಕೆಂದಿಲ್ಲ, ಏರಿಯ ಮೇಲೆ ನಿಂತು ಹೋದವರೆಲ್ಲ ಮರಳಿದರೇ ಎಂದು ಎಣಿಸಬಲ್ಲವರಾದರೆ ಸಾಕು. ವಾರಕ್ಕೆ ಎರಡು ಮುಂಜಾವು ಹೀಗೆ ನಿಲ್ಲಲು ಒಪ್ಪುವ ಸದಸ್ಯರು, ಮಕ್ಕಳ ರಕ್ತಪರೀಕ್ಷೆಗೆ ನೆರವಾಗಬಲ್ಲ ವೈದ್ಯರು, ಒಂದು ಜೊತೆ ಶೂ ಕೊಡಿಸಬಲ್ಲ ವರ್ತಕರು ತಮ್ಮ ಹೆಸರನ್ನು ಅರ್ಧವಾರ್ಷಿಕ ಪರೀಕ್ಷೆ ಮುಗಿಯುವ ಮುನ್ನವೇ ಸಂಘದ ಕಾರ್ಯದರ್ಶಿಗಳಲ್ಲಿ ನೋಂದಾಯಿಸಬೇಕೆಂದು ಕೋರಲಾಗಿದೆ.