ಹದಿನೆಂಟು ಗುಳಿ, ಒಂದು ಗುಳಿ

ಗಾಲ್ಫ್ ಕ್ಲಬ್ಬುಗಳು ಮುಚ್ಚಿಹೋಗುತ್ತಿವೆಯಂತೆ. ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ, ಜಪಾನಿನಲ್ಲಿ ಸದಸ್ಯರು ಸಿಗದೆ ಕ್ಲಬ್ಬಿನ ದೊರೆಗಳು ತಲೆ ಮೇಲೆ ಕೈ ಹೊತ್ತು ಕೂತಿದ್ದಾರಂತೆ. ನಾವೂ ಎರಡು ತೊಟ್ಟು ಕಣ್ಣೀರು ಹಾಕೋಣವೇ?

ಮಳವಳ್ಳಿ ಕಡೆಯ ಒಂದು ಕೇರಿಯಲ್ಲಿ ಈ ಸುದ್ದಿಯನ್ನು ಓದಿ ಹೇಳಿದೆವು. ಜಗಲಿ ಮೇಲೆ ಕೂತಿದ್ದ ಅಜ್ಜಿ ಕೇಳಿದಳು:

"ಅದೇನ್ಲಾ ಮಗಾ, ಗಾಲ್ಪು ಅಂದ್ರೆ?"

"ಕೋಲಲ್ಲಿ ಚೆಂಡು ಹೊಡ್ದು, ಅದ್ರ ಹಿಂದ್ಲೇ ನಡ್ಕಂಡೋಗಿ ಗುಳಿಗೆ ಬೀಳ್ಸೋದು ಕಣಜ್ಜಿ. ಹದ್ನೆಂಟು ಗುಳಿ ಇರ್ತವೆ."

"ಹದ್ನೆಂಟು ಗುಳಿಗೆ ಎಸ್ಟು ಜಾಗ ಬೇಕ್ಲಾ?"

"ನೂರು, ನೂರೈವತ್ತು ಎಕ್ರೆ."

ಅಜ್ಜಿ ನಗಲಿಲ್ಲ. "ನಿಮ್ ತಾತನ್ನ ಮಣ್ಣು ಮಾಡಕ್ಕೆ ಒಂದು ಗುಳಿ ಜಾಗ ಸಿಕ್ನಿಲ್ಲ ಕಣೋ. ಹಳ್ಳದ ದಡದಲ್ಲಿ ಮಡುಗುದ್ವಿ. ಮಳೆಗಾಲ್ದಲ್ಲಿ ನೀರು ಬಂದು ಕಿತ್ಕಂಡೋಯ್ತು" ಅಂದಳು.

ಬಂಧುಗಳೇ, ಗಾಲ್ಫಿನ ಬಗ್ಗೆ ನಾವು ಬರೆಯುತ್ತಿರುವುದು ಈ ಅಜ್ಜಿಯ ಲೆಕ್ಕದಿಂದ. ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ನಾವು ಗಾಲ್ಫ್ ಮೈದಾನ ಕಂಡವರಲ್ಲ. ಆದರೂ ಈ ಆಟಕ್ಕೂ ನಮಗೂ ಹಳೇ ಲೆಕ್ಕವಿದೆ.

ಮೊದಲು ಅವರ ಕಷ್ಟ ಕೇಳೋಣ. ಅಮೆರಿಕದಲ್ಲಿ 2006ರಿಂದ ಈಚೆಗೆ ವರ್ಷ ವರ್ಷವೂ ಹೊಸದಾಗಿ ತೆರೆದ ಮೈದಾನಗಳಿಗಿಂತ ಮುಚ್ಚಿದ ಮೈದಾನಗಳೇ ಹೆಚ್ಚು. ಸೈಟು ಮಾರುವ ಕಂಪನಿಗಳು ಬಡಾವಣೆಗೊಂದು ಮೈದಾನ ಅಂತ ಕಟ್ಟುತ್ತಾ ಹೋದವು. ಆಡುವವರಿಗಿಂತ ಹುಲ್ಲೇ ಹೆಚ್ಚಾಯಿತು. ಹಳೇ ಸದಸ್ಯರು ಮುದುಕರಾದರು. ಮಕ್ಕಳಿಗೆ ಒಂದಾಟಕ್ಕೆ ನಾಲ್ಕು ಗಂಟೆ ಕಳೆಯಲು ಪುರುಸೊತ್ತಿಲ್ಲ, ದುಬಾರಿ ಚಂದಾ ಕಟ್ಟಲು ಮನಸ್ಸಿಲ್ಲ. ಜಪಾನಿನಲ್ಲಂತೂ ಕ್ಲಬ್ಬಿನ ಸದಸ್ಯತ್ವವನ್ನೇ ಷೇರಿನ ಹಾಗೆ ಕೊಂಡು ಮಾರುತ್ತಿದ್ದರು. 1990ರ ದಶಕದಲ್ಲಿ ಅದರ ಬೆಲೆ ನೆಲ ಕಚ್ಚಿತು, ಕ್ಲಬ್ಬುಗಳು ದಿವಾಳಿಯೆದ್ದವು. ಕೆಲವು ಮೈದಾನಗಳಲ್ಲಿ ಈಗ ಸೋಲಾರ್ ಫಲಕಗಳು ಬಿಸಿಲು ಕಾಯಿಸುತ್ತಿವೆ. 2020ರ ಕೊರೋನಾ ಕಾಲದಲ್ಲಿ ಬಯಲಿನ ಆಟ ಅಂತ ಒಂದಷ್ಟು ಜನ ಮರಳಿ ಬಂದರು. ಆದರೂ ಮುಚ್ಚುವುದು ನಿಂತಿಲ್ಲ.

ಈಗ ಕ್ಲಬ್ಬುಗಳು ಕರೆಯುತ್ತಿವೆ: ಬನ್ನಿ, ಚಂದಾ ಕಡಿಮೆ ಮಾಡುತ್ತೇವೆ. ಒಂಬತ್ತೇ ಗುಳಿ ಆಡಿ. ಹೆಂಗಸರೂ ಬನ್ನಿ, ಹುಡುಗರೂ ಬನ್ನಿ. ಕಾಲರಿಲ್ಲದ ಅಂಗಿಯಾದರೂ ಪರವಾಗಿಲ್ಲ.

ಈ ಬಾಗಿಲು ತೆರೆದದ್ದು ಸಮಾನತೆಯ ಮೇಲಿನ ಪ್ರೀತಿಯಿಂದಲ್ಲ ಸ್ವಾಮಿ, ಗಲ್ಲಾಪೆಟ್ಟಿಗೆ ಖಾಲಿಯಾದ್ದರಿಂದ.

ಗಲ್ಲಾ ತುಂಬಿದ್ದ ಕಾಲದಲ್ಲಿ ಇವರು ಮಾಡಿದ್ದೇನು? ಅಮೆರಿಕದ ವೃತ್ತಿಪರ ಗಾಲ್ಫ್ ಆಟಗಾರರ ಸಂಘದ ನಿಯಮಾವಳಿಯಲ್ಲಿ ಬಿಳಿಯರಿಗೆ ಮಾತ್ರ ಪ್ರವೇಶ ಎಂಬ ಕಲಮು 1961ರವರೆಗೆ ಇತ್ತು. ಆಗಸ್ಟಾ ಎಂಬ ಹೆಸರಾಂತ ಕ್ಲಬ್ಬಿನಲ್ಲಿ ಕೋಲಿನ ಚೀಲ ಹೊರುವ ಕ್ಯಾಡಿಗಳೆಲ್ಲ ಕರಿಯರು. ಆದರೆ ಒಬ್ಬ ಕರಿಯ ಅಲ್ಲಿ ಸದಸ್ಯನಾಗಲು 1990 ಬರಬೇಕಾಯಿತು. ಹೊರಲು ಹೆಗಲು ಬೇಕು, ಪಕ್ಕದಲ್ಲಿ ಕೂರಲು ಮೈ ಬೇಡ. ಈ ಪಾಠ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ಪಾಪ್ವಾ ಸೆವ್‌ಗೊಲುಮ್ ಅಂತ ಒಬ್ಬರಿದ್ದರು. ಕೂಲಿಗೆ ಹೋದ ಭಾರತೀಯರ ಸಂತತಿ. ಚೀಲ ಹೊರುತ್ತಲೇ ಆಟ ಕಲಿತವರು. 1963ರಲ್ಲಿ ನಟಾಲ್ ಓಪನ್ ಪಂದ್ಯದಲ್ಲಿ ಬಿಳಿ ಆಟಗಾರರನ್ನೆಲ್ಲ ಸೋಲಿಸಿ ಗೆದ್ದರು. ಬಹುಮಾನ ಕೊಟ್ಟದ್ದು ಎಲ್ಲಿ? ಹೊರಗೆ, ಸುರಿಯುವ ಮಳೆಯಲ್ಲಿ. ಸೋತವರು ಕ್ಲಬ್ಬಿನ ಒಳಗೆ ಬೆಚ್ಚಗಿದ್ದರು. ಹೋಟೆಲಿನ ಹೊರಗೆ ತೆಂಗಿನ ಚಿಪ್ಪಿನಲ್ಲಿ ಟೀ ಕುಡಿದ ನಮ್ಮ ಹಿರಿಯರಿಗೆ ಆ ಮಳೆಯ ಚಳಿ ಗೊತ್ತು.

ಅದೆಲ್ಲ ಹಳೇ ಕಥೆ ಅನ್ನುತ್ತೀರಾ? 2017ರ ಜೂನಿನಲ್ಲಿ ದೆಹಲಿ ಗಾಲ್ಫ್ ಕ್ಲಬ್ಬಿಗೆ ಊಟದ ಅತಿಥಿಯಾಗಿ ಹೋದ ಖಾಸಿ ಹೆಣ್ಣುಮಗಳೊಬ್ಬಳನ್ನು ಮೇಜಿನಿಂದ ಎಬ್ಬಿಸಿ ಹೊರಗೆ ಹೋಗು ಅಂದರು. ಅವಳು ಉಟ್ಟದ್ದು ತನ್ನ ಜನದ ಉಡುಗೆ. ಕೆಲಸದವಳ ಥರ ಕಾಣ್ತೀಯ ಅಂದರಂತೆ.

ಬಂಧುಗಳೇ, ಬಾಗಿಲು ಮುಚ್ಚುವುದರಲ್ಲಿ ಎರಡು ಬಗೆ. ಸದಸ್ಯರು ಬರುವುದಿಲ್ಲ ಅಂತ ಮುಚ್ಚುವುದು ಒಂದು. ಸದಸ್ಯರು ಬಂದುಬಿಡುತ್ತಾರೆ ಅಂತ ಹೆದರಿ ಮುಚ್ಚುವುದು ಇನ್ನೊಂದು. ಮೊದಲನೆಯದಕ್ಕೆ ಪೇಪರಿನವರು ಕಣ್ಣೀರು ಹಾಕುತ್ತಾರೆ. ಎರಡನೆಯದರ ಬಗ್ಗೆ ನಾವು ಮಾತಾಡಬೇಕು.

ಅಮೆರಿಕದ ಬರ್ಮಿಂಗ್‌ಹ್ಯಾಮಿನಲ್ಲಿ ಕರಿಯರನ್ನೂ ಒಳಗೆ ಬಿಡಿ ಅಂತ ಕೋರ್ಟು ಆದೇಶ ಮಾಡಿತು. ನಗರಾಡಳಿತ ಏನು ಮಾಡಿತು? 1962ರ ಜನವರಿಯಲ್ಲಿ ಪಾರ್ಕು, ಈಜುಕೊಳ, ಗಾಲ್ಫ್ ಮೈದಾನ ಎಲ್ಲಕ್ಕೂ ಬೀಗ ಜಡಿಯಿತು. ನಮಗೂ ಬೇಡ, ನಿಮಗೂ ಬೇಡ.

ಅಷ್ಟು ದೂರ ಯಾಕೆ ಹೋಗಬೇಕು? ಮಂಡ್ಯ ತಾಲ್ಲೂಕಿನ ಹನಕೆರೆಗೆ ಬನ್ನಿ. 2024ರ ನವೆಂಬರಿನಲ್ಲಿ ಅಲ್ಲಿನ ಕಾಲಭೈರವೇಶ್ವರ ಗುಡಿಗೆ ನಮ್ಮ ಜನ ಮೊಟ್ಟಮೊದಲ ಸಲ ಕಾಲಿಟ್ಟರು. ಮೇಲ್ಜಾತಿಯ ಕೆಲವರು ಉತ್ಸವ ಮೂರ್ತಿಯನ್ನೇ ಹೊತ್ತುಕೊಂಡು ಹೊರಗೆ ಹೋದರು. ಗುಡಿ ಬೇಕಾದರೆ ನೀವೇ ಇಟ್ಟುಕೊಳ್ಳಿ, ದೇವರು ನಮ್ಮದು! ಹೊಸ ಸದಸ್ಯರು ಬಂದರು ಅಂತ ಕ್ಲಬ್ಬೇ ಎದ್ದು ನಡೆಯಿತು. ಬರ್ಮಿಂಗ್‌ಹ್ಯಾಮಿಗೂ ಹನಕೆರೆಗೂ ಸಾವಿರಾರು ಮೈಲಿ. ಬೀಗ ಮಾತ್ರ ಒಂದೇ ಕಂಪನಿಯದು.

1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಬಾಬಾಸಾಹೇಬರು ಜಾತಿ ಹುಟ್ಟಿದ್ದನ್ನು ಹೀಗೇ ವಿವರಿಸಿದ್ದರು: ಒಂದು ವರ್ಗ ತನ್ನ ಸುತ್ತ ಬಾಗಿಲು ಹಾಕಿಕೊಂಡಿತು, ಉಳಿದವರು ಅದನ್ನು ನೋಡಿ ತಾವೂ ಹಾಕಿಕೊಂಡರು. ಈ ದೇಶದ ಅತ್ಯಂತ ಹಳೇ ಕ್ಲಬ್ಬು ಜಾತಿ. ಚಂದಾ ಇಲ್ಲ, ಅರ್ಜಿ ಇಲ್ಲ, ಹುಟ್ಟೇ ಸದಸ್ಯತ್ವ. ಅದಕ್ಕೆ ಮಾತ್ರ ಎಂದೂ ಸದಸ್ಯರ ಬರ ಬಂದಿಲ್ಲ.

ಇನ್ನು ನಮ್ಮ ರಾಜ್ಯದ ಗಾಲ್ಫ್. ಬೆಂಗಳೂರು ಗಾಲ್ಫ್ ಕ್ಲಬ್ಬು ಹುಟ್ಟಿದ್ದು 1876ರಲ್ಲಿ. ಆ ವರ್ಷ ಶುರುವಾದ ಬರದಲ್ಲಿ ಮೈಸೂರು ಸೀಮೆಯ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು. ಅದೇ ವರ್ಷ ದೊರೆಗಳಿಗೆ ಚೆಂಡು ಹೊಡೆಯಲು ಹುಲ್ಲು ಬೇಕಾಗಿತ್ತು. ಆಮೇಲೆ ಬಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಎದ್ದದ್ದು ಚಲ್ಲಘಟ್ಟ ಕೆರೆಯ ಅಂಗಳದಲ್ಲಿ. ಕೆರೆ ಹೋಯಿತು, ಗುಳಿ ಬಂದವು. ಮದ್ದೂರಿನಿಂದ ಬೆಂಗಳೂರು ಬಸ್ಸು ಹತ್ತಿದವರು ಬಿಡದಿ ದಾಟಿರುತ್ತೀರಿ. ಅಲ್ಲಿನ ಈಗಲ್‌ಟನ್ ಗಾಲ್ಫ್ ರೆಸಾರ್ಟಿಗೆ 2017ರಲ್ಲಿ ಗುಜರಾತಿನ, 2018ರಲ್ಲಿ ನಮ್ಮದೇ ರಾಜ್ಯದ ಶಾಸಕರನ್ನು ತಂದು ಇಟ್ಟಿದ್ದರು. ಅದೇ ರೆಸಾರ್ಟಿನಿಂದ 77 ಎಕರೆ ಸರ್ಕಾರಿ ಜಮೀನಿನ ಬಾಬ್ತು 982 ಕೋಟಿ ರೂಪಾಯಿ ಬರಬೇಕು ಅಂತ ಸರ್ಕಾರವೇ 2017ರಲ್ಲಿ ಹೇಳಿತು. ನಮ್ಮವನೊಬ್ಬ ಗೋಮಾಳದಲ್ಲಿ ಎರಡು ಗುಂಟೆ ಗುಡಿಸಲು ಹಾಕಲಿ, ಮಾರನೇ ಬೆಳಿಗ್ಗೆ ಜೆಸಿಬಿ ಬರುತ್ತದೆ. 77 ಎಕರೆಗಾದರೆ ಲೆಕ್ಕಪತ್ರ ಬರುತ್ತದೆ.

ಇಲ್ಲಿ ಮಳವಳ್ಳಿಯ ಲೆಕ್ಕವನ್ನೂ ಬರೆದಿಡಬೇಕು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದರು. ತಂತಿ ಎಳೆದದ್ದು ಪಕ್ಕದ ಕೇರಿಗಲ್ಲ, 92 ಮೈಲಿ ಆಚೆಯ ಕೋಲಾರದ ಚಿನ್ನದ ಗಣಿಗೆ. ಅಲ್ಲಿ ಬಿಳಿ ಅಧಿಕಾರಿಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಅವರ ಕಾಲ ಕೆಳಗೆ, ಮೈಲಿಗಟ್ಟಲೆ ಆಳದಲ್ಲಿ, ಕಲ್ಲಿನ ಧೂಳು ಕುಡಿದು ಅಗೆದವರಲ್ಲಿ ಬಹುಪಾಲು ತಮಿಳು, ತೆಲುಗು ಸೀಮೆಯಿಂದ ಬಂದ ನಮ್ಮ ಜನ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿಯ ಸಾಹೇಬರೇ ಇಲ್ಲದ ಮೇಲೆ ಆಡುವವರು ಯಾರು? ಸಾಹೇಬರಿಗೆ ಬೇರೆ ಊರು, ಬೇರೆ ಕ್ಲಬ್ಬು ಸಿಕ್ಕವು. ಅಗೆದವರಿಗೆ ಸಿಕ್ಕಿದ್ದು ಬೆಂಗಳೂರಿಗೆ ಕೂಲಿಗೆ ಹೋಗುವ ಬೆಳಗಿನ ರೈಲು.

ಕರೆಂಟು ಹೋದ ದಾರಿಯಲ್ಲೇ ನೀರೂ ಹೋಯಿತು. 1974ರಿಂದ ನಮ್ಮ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿ ಬೆಂಗಳೂರಿಗೆ ಏರುತ್ತಿದ್ದಾಳೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತವೂ ಸೇರಿತು, ದಿನಕ್ಕೆ ಇನ್ನೂ 77.5 ಕೋಟಿ ಲೀಟರು. ಕುಡಿಯುವ ಬಾಯಿಗೆ ನಾವು ಅಡ್ಡಿ ಮಾಡುವವರಲ್ಲ. ಬೆಂಗಳೂರಿನ ಕೊಳೆಗೇರಿಯಲ್ಲಿ ಬಿಂದಿಗೆ ಹಿಡಿದು ನಿಂತವರೂ ನಮ್ಮವರೇ. ಆದರೆ ಹುಲ್ಲಿಗೆ ಚರಂಡಿ ನೀರನ್ನು ಶುದ್ಧ ಮಾಡಿ ಹಾಯಿಸುತ್ತೇವೆ ಅಂತ ಹೆಮ್ಮೆ ಪಡುವ ಕ್ಲಬ್ಬಿನವರಿಗೆ ಒಂದು ಮಾತು: ಆ ಚರಂಡಿಯ ನೀರೂ ತೊರೆಕಾಡನಹಳ್ಳಿಯ ಮೇಲೇ ಹಾದು ಬಂದದ್ದು.

ನಮ್ಮಲ್ಲೇ ಕೆಲವರು ಕೇಳುತ್ತಾರೆ: "ಕ್ಲಬ್ಬು ಮುಚ್ಚಿದ್ರೆ ನಿಮಗೇನ್ರಯ್ಯ ಖುಷಿ? ಹುಲ್ಲು ಕತ್ತರಿಸೋನು, ಚೀಲ ಹೊರೋ ಹುಡುಗ ನಮ್ಮೋರೇ ಅಲ್ವಾ?" ನಿಜ. ಕ್ಲಬ್ಬು ಮುಚ್ಚಿದ ದಿನ ಮೊದಲು ಬೀದಿಗೆ ಬೀಳುವವರು ಅವರೇ. ಅದಕ್ಕೇ ನಾವು ಮುಚ್ಚಿ ಅಂತ ಕೂಗುತ್ತಿಲ್ಲ. ಮುಚ್ಚಿದಾಗ ನೆಲ ಯಾರಿಗೆ ಅಂತ ಕೇಳುತ್ತಿದ್ದೇವೆ. ಆಫೀಸರಾಗಿ ಕ್ಲಬ್ಬಿನ ಸದಸ್ಯತ್ವಕ್ಕೆ ಅರ್ಜಿ ಹಾಕಿ ಕಾಯುತ್ತಿರುವ ನಮ್ಮ ಅಣ್ಣಂದಿರಿಗೂ ಇದೇ ಮಾತು. ಒಳಗೆ ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಹೋದ ಮೇಲೆ ಬಾಗಿಲು ಹಾಕಿಕೊಳ್ಳಬೇಡಿ.

ಗಾಲ್ಫಿನ ತವರು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್. ಅಲ್ಲಿನ ಹಳೇ ಮೈದಾನ ಯಾವ ಕ್ಲಬ್ಬಿನ ಸ್ವತ್ತೂ ಅಲ್ಲ, ಊರಿನದು. ಭಾನುವಾರ ಸಾಮಾನ್ಯವಾಗಿ ಆಟ ಬಂದ್. ಊರ ಜನ ಮಕ್ಕಳು ಮರಿ, ನಾಯಿ ಕಟ್ಟಿಕೊಂಡು ಅದರ ಮೇಲೆ ಅಡ್ಡಾಡುತ್ತಾರೆ. ಆಟವನ್ನು ಅಲ್ಲಿಂದ ತಂದವರು ಭಾನುವಾರವನ್ನು ಮಾತ್ರ ಹಡಗಿನಲ್ಲೇ ಬಿಟ್ಟು ಬಂದರು.

ಹಾಗಾದರೆ ನಮಗೆ ಬೇಕಾದ್ದೇನು?

ಒಂದು: ಗಾಲ್ಫ್ ಮೈದಾನಗಳ ಕೈಲಿರುವ ಸರ್ಕಾರಿ ಜಮೀನು ಎಷ್ಟು, ಗುತ್ತಿಗೆ ಎಷ್ಟು ವರ್ಷಕ್ಕೆ, ಬಾಡಿಗೆ ಎಷ್ಟು, ಬಾಕಿ ಎಷ್ಟು ಎಂಬುದನ್ನು ಸರ್ಕಾರ ಜನರ ಮುಂದೆ ಇಡಬೇಕು.

ಎರಡು: ಗುತ್ತಿಗೆ ಮುಗಿದರೆ, ಕ್ಲಬ್ಬು ಮುಚ್ಚಿದರೆ, ಆ ನೆಲ ಬಿಲ್ಡರಿನ ಕೈಗೆ ಹೋಗಕೂಡದು. ಮನೆಯಿಲ್ಲದವರಿಗೆ, ಅಲ್ಲಿ ದುಡಿದ ಕೈಗಳಿಗೆ ಮೊದಲ ಹಕ್ಕು.

ಮೂರು: 2019ರಲ್ಲಿ ಹೈಕೋರ್ಟು ಸ್ಮಶಾನವಿಲ್ಲದ ಊರುಗಳಿಗೆ ಜಾಗ ಕೊಡಿ ಅಂತ ಆದೇಶ ಮಾಡಿತು. ಪಾಲಿಸಲಿಲ್ಲ ಅಂತ ನ್ಯಾಯಾಂಗ ನಿಂದನೆ ಅರ್ಜಿ ಹಾಕಬೇಕಾಯಿತು. ಮಂಡ್ಯ, ಮದ್ದೂರು, ಮಳವಳ್ಳಿಯ ಪ್ರತಿ ಕೇರಿಯ ಸ್ಮಶಾನಕ್ಕೂ ಸರ್ವೆ ನಂಬರ್ ಬೇಕು, ಪಹಣಿಯಲ್ಲಿ ಹೆಸರು ಬೇಕು, ಹೆಣ ಹೊತ್ತು ಹೋಗಲು ದಾರಿ ಬೇಕು.

ಬಂಧುಗಳೇ, ಈ ಹಾಳೆ ಓದಿದವರು ನಿಮ್ಮ ಕೇರಿಯ ಸ್ಮಶಾನದ ಪಹಣಿ ತೆಗೆಸಿ ನೋಡಿ. ಇಲ್ಲದಿದ್ದರೆ ಒಂದು ಅರ್ಜಿ ಬರೆದು, ಮನೆಗೊಂದು ಸಹಿ ಹಾಕಿಸಿ, ಮುಂದಿನ ಸಭೆಗೆ ತನ್ನಿ. ಎಲ್ಲರೂ ಸೇರಿ ತಾಲ್ಲೂಕು ಕಚೇರಿಗೆ ನಡೆಯೋಣ. ಈ ನಡಿಗೆಗೆ ಚಂದಾ ಇಲ್ಲ, ಕಾಲರ್ ಅಂಗಿ ಬೇಕಿಲ್ಲ, ಬರಿಗಾಲಲ್ಲೂ ಬರಬಹುದು.

ಹದಿನೆಂಟು ಗುಳಿಗೆ ನೂರೈವತ್ತು ಎಕರೆ ಹುಡುಕಿಕೊಟ್ಟ ಸರ್ಕಾರಕ್ಕೆ ಅಜ್ಜಿಯ ಒಂದು ಗುಳಿಗೆ ಜಾಗ ಕಾಣಿಸಲಿಲ್ಲ. ಅಜ್ಜಿ ಇನ್ನೂ ಇದ್ದಾಳೆ. ಅವಳು ಹಳ್ಳದ ದಡಕ್ಕೆ ಹೋಗಕೂಡದು.

ಜೈ ಭೀಮ್.