ಡ್ರಾಫ್ಟ್ ಮುಗಿದ ಮೇಲೆ ಹುಡುಗ ಯಾರ ಮನೆಗೆ ಊಟಕ್ಕೆ ಹೋಗ್ತಾನೆ?

ನಮ್ಮ ಆಫೀಸಿನ ಲಂಚ್ ಟೇಬಲ್‌ನಲ್ಲಿ ವರ್ಷಪೂರ್ತಿ ನಡೆಯೋ ಜಗಳ ಎರಡೇ. ಒಂದು, ಮೈಕ್ರೋವೇವ್‌ನಲ್ಲಿ ಮೀನು ಬಿಸಿ ಮಾಡಿದ್ದು ಯಾರು ಅನ್ನೋದು. ಇನ್ನೊಂದು, ಹಾಕಿ ಡ್ರಾಫ್ಟ್. ಮೊದಲನೆಯದು ಅರ್ಧ ಗಂಟೆಯಲ್ಲಿ ಮುಗಿಯತ್ತೆ. ಎರಡನೆಯದು ಮೇ ತಿಂಗಳಲ್ಲಿ ಶುರುವಾದರೆ ಜೂನ್ ಕೊನೆಗೂ ನಿಲ್ಲಲ್ಲ.

ಹಾಕಿ ಅಂದ್ರೆ ನಮಗೆ ತಕ್ಷಣ ನೆನಪಾಗೋದು ಕೊಡಗು, ಹಸಿರು ಮೈದಾನ, ಕೊಡವ ಕುಟುಂಬಗಳ ಟೂರ್ನಿ. ಟೊರಾಂಟೊಗೆ ಬಂದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡು "ಓ, ನಮ್ಮೂರಲ್ಲೂ ಹಾಕಿ ಭಾರೀ ಫೇಮಸ್ಸು" ಅಂದುಬಿಟ್ಟಿದ್ದೆ. ಟೇಬಲ್ಲಿನವರು ಪಾಪ, ಮರ್ಯಾದೆಗೆ ನಕ್ಕರು. ಇಲ್ಲಿ ಹಾಕಿ ಅಂದ್ರೆ ಐಸ್ ಹಾಕಿ. ಎನ್‌ಎಚ್‌ಎಲ್ ಅಂದ್ರೆ ಅದರ ಐಪಿಎಲ್ ಇದ್ದ ಹಾಗೆ. ಆದರೆ ಆಟಗಾರರನ್ನು ಆರಿಸುವ ರೀತಿ ಮಾತ್ರ ಐಪಿಎಲ್‌ಗೆ ಪೂರ್ತಿ ಉಲ್ಟಾ.

ಐಪಿಎಲ್‌ನಲ್ಲಿ ಹರಾಜು. ಯಾರು ಹೆಚ್ಚು ಕೂಗ್ತಾರೋ ಅವರಿಗೆ ಆಟಗಾರ. ಎನ್‌ಎಚ್‌ಎಲ್‌ನಲ್ಲಿ ಹೊಸ ಹುಡುಗರನ್ನು ಹರಾಜು ಹಾಕಲ್ಲ, ಸರದಿ ಪ್ರಕಾರ ಆರಿಸ್ತಾರೆ. ಇದೇ ಡ್ರಾಫ್ಟ್. 32 ತಂಡ, ಏಳು ಸುತ್ತು, ಬಹುತೇಕ 18 ವರ್ಷದ ಹುಡುಗರು. ಸೋತು ಕೆಳಗೆ ಬಿದ್ದ ತಂಡಗಳಿಗೆ ಮೊದಲ ಅವಕಾಶ. ಬೇಕಂತಲೇ ಸೋಲಬಾರದು ಅಂತ ಮಧ್ಯೆ ಒಂದು ಲಾಟರಿ ಇಟ್ಟಿದ್ದಾರೆ. ಕೊನೆಯ ಸ್ಥಾನದ ತಂಡಕ್ಕೂ ಮೊದಲ ಆಯ್ಕೆ ಸಿಗುವ ಸಾಧ್ಯತೆ ಶೇ. 25.5 ಮಾತ್ರ.

ಕೇಳಕ್ಕೆ ಎಷ್ಟು ನ್ಯಾಯವಾಗಿದೆ ಅಲ್ವಾ? ಬಡ ತಂಡಕ್ಕೆ ಬಂಗಾರದಂಥ ಹುಡುಗ. ನಂಗೂ ಹಾಗೇ ಅನಿಸಿತ್ತು.

ಲಂಚ್ ಟೇಬಲ್ಲಿನ ಜಗಳದಲ್ಲಿ ಎರಡು ಪಂಗಡ. ಒಂದು ಪಂಗಡದ ನಾಯಕ ನನ್ನ ಪಕ್ಕದ ಸೀಟಿನವನು, ಎಡ್ಮಂಟನ್‌ನಲ್ಲಿ ಹುಟ್ಟಿ ಬೆಳೆದವನು. ಅವನದು "ಆಡಿಸು" ಪಂಗಡ: ಪ್ರತಿಭೆ ಇದ್ದರೆ ನಾಳೆಯೇ ಐಸ್ ಮೇಲೆ ಇಳಿಸಿ, ನೀರಿಗೆ ಇಳಿಯದೆ ಈಜು ಬರತ್ತಾ? ಇನ್ನೊಂದು ಪಂಗಡದ್ದು "ಕಾಯಿಸು": 18ರ ಹುಡುಗನನ್ನು 30ರ ಗಂಡಸರ ಮಧ್ಯೆ ಬಿಟ್ಟರೆ ಮೈಯೂ ಮುರಿಯತ್ತೆ, ಮನಸ್ಸೂ ಮುರಿಯತ್ತೆ. ಇಬ್ಬರ ಹತ್ರಾನೂ ಉದಾಹರಣೆ ರಾಶಿ ಇದೆ. ತಮಾಷೆ ಅಂದ್ರೆ, ಇಬ್ಬರೂ ಬೇರೆ ಬೇರೆ ವರ್ಷಗಳಲ್ಲಿ ಸರಿಯೇ.

2022ನೇ ಇಸವಿ ತಗೊಳ್ಳಿ. ಎಲ್ಲರೂ ಮೊದಲ ಹೆಸರು ಶೇನ್ ರೈಟ್‌ನದ್ದೇ ಅಂದುಕೊಂಡಿದ್ದರು. ಮಾಂಟ್ರಿಯಲ್ ತನ್ನ ಊರಿನಲ್ಲೇ ನಡೆದ ಡ್ರಾಫ್ಟ್‌ನಲ್ಲಿ ಸ್ಲೊವಾಕಿಯಾದ ಯುರಾಯ್ ಸ್ಲಾಫ್ಕೊವ್ಸ್ಕಿಯನ್ನು ಕೂಗಿಬಿಟ್ಟಿತು. ರೈಟ್ ನಾಲ್ಕನೆಯವನಾಗಿ ಸಿಯಾಟಲ್‌ಗೆ ಹೋದ. ಮಾಂಟ್ರಿಯಲ್ ತನ್ನ ಹುಡುಗನನ್ನು ನೇರ ಆಡಿಸಿತು. 39 ಪಂದ್ಯದಲ್ಲಿ 10 ಪಾಯಿಂಟ್, ಆಮೇಲೆ ಮೊಣಕಾಲಿಗೆ ಪೆಟ್ಟು. "ನೋಡಿದ್ರಾ, ಹಾಳು ಮಾಡಿದ್ರು" ಅಂದರು ಕಾಯಿಸು ಪಂಗಡದವರು. ಮರುವರ್ಷ ಅವನೇ 50 ಪಾಯಿಂಟ್ ಗಳಿಸಿದ. ಸಿಯಾಟಲ್ ರೈಟ್‌ನನ್ನು ಮೊದಲ ವರ್ಷ ಎಂಟೇ ಪಂದ್ಯ ಆಡಿಸಿ ಜೂನಿಯರ್ ಲೀಗ್‌ಗೆ ವಾಪಸ್ ಕಳಿಸಿತು, ಮರುವರ್ಷ ಹೆಚ್ಚು ಕಾಲ ಕೆಳ ಲೀಗ್‌ನಲ್ಲಿ ಇಟ್ಟಿತು. ಮೂರನೇ ವರ್ಷ ಪೂರ್ತಿ ಆಡಿದಾಗ 44 ಪಾಯಿಂಟ್. ಎರಡು ದಾರಿ, ಇಬ್ಬರೂ ನಿಂತರು.

ಹಾಗಾದ್ರೆ ಆಡಿಸೋದು, ಕಾಯಿಸೋದು ಮುಖ್ಯ ಪ್ರಶ್ನೆಯೇ ಅಲ್ವೇನೋ ಅಂತ ನಂಗೆ ಅನುಮಾನ ಬಂದಿದ್ದು ಆಗಲೇ.

ನಿಜವಾದ ಪಾಠ ಸಿಕ್ಕಿದ್ದು ಎಡ್ಮಂಟನ್ ಗೆಳೆಯನ ಬೇಸರದಲ್ಲಿ. ಅವನ ಊರಿನ ಆಯ್ಲರ್ಸ್ ತಂಡಕ್ಕೆ 2010, 2011, 2012, ಮೂರು ವರ್ಷ ಸತತವಾಗಿ ಮೊದಲ ಆಯ್ಕೆ. ಟೇಲರ್ ಹಾಲ್, ರಯಾನ್ ನ್ಯೂಜೆಂಟ್ ಹಾಪ್ಕಿನ್ಸ್, ನೇಲ್ ಯಾಕುಪೋವ್. ಅಪರೂಪದ ಅದೃಷ್ಟ! ಆದರೂ ಆ ತಂಡ ಸತತ ಹತ್ತು ಋತು ಪ್ಲೇಆಫ್ ಮುಖ ನೋಡಲಿಲ್ಲ. ಯಾಕುಪೋವ್ ಮೊದಲ ಋತುವಿನ 48 ಪಂದ್ಯದಲ್ಲಿ 17 ಗೋಲು ಹೊಡೆದಿದ್ದ ಹುಡುಗ. ಅವನು ಅಲ್ಲಿ ಆಡಿದ್ದು ನಾಲ್ಕು ಋತು. ಅಷ್ಟರಲ್ಲಿ ಕಂಡ ಕೋಚ್‌ಗಳು ಕನಿಷ್ಠ ನಾಲ್ವರು. ಒಬ್ಬ ಹೀಗೆ ಆಡು ಅಂತಾನೆ, ಬರುವವನು ಅದನ್ನ ಮರೆತುಬಿಡು ಅಂತಾನೆ. 2018ರಲ್ಲಿ ಅವನು ರಷ್ಯಾಕ್ಕೆ ವಾಪಸ್ ಹೋದ. ಹಾಲ್‌ನನ್ನು 2016ರಲ್ಲಿ ನ್ಯೂಜೆರ್ಸಿಗೆ ಕೊಟ್ಟುಬಿಟ್ಟರು. ಎರಡೇ ವರ್ಷದಲ್ಲಿ ಅವನು ಲೀಗ್‌ನ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಎತ್ತಿದ.

"ಅದೇ ಹುಡುಗ, ಬೇರೆ ಮನೆ" ಅಂದ ಗೆಳೆಯ, ಸ್ಯಾಂಡ್‌ವಿಚ್ ಕೆಳಗಿಟ್ಟು.

ಡ್ರಾಫ್ಟ್‌ನ ಒಳಗಿನ ಗಂಟು ಇದೇ. ತಂಡ ಕೊನೆಗೆ ಬಿದ್ದಿದೆ ಅಂದ್ರೆ ಅಲ್ಲಿ ಏನೋ ಸರಿಯಿಲ್ಲ ಅಂತ ಅರ್ಥ. ಕೋಚ್ ಬದಲಾಗ್ತಿರ್ತಾರೆ, ಹಿರಿಯರು ಬಿಟ್ಟು ಹೋಗಿರ್ತಾರೆ, ಊರಿನವರು ಸಿಟ್ಟಾಗಿರ್ತಾರೆ. ಅಂಥ ಮನೆಗೆ ದೇಶದ ಅತ್ಯುತ್ತಮ ಹುಡುಗನನ್ನು ಕಳಿಸಿ "ನೀನೇ ಉದ್ಧಾರ ಮಾಡಪ್ಪ" ಅಂತೀವಿ. ಕಲಿಯಬೇಕಾದವನಿಗೆ ಕಲಿಸೋರೇ ಇಲ್ಲದ ಶಾಲೆ.

ಇದರ ಇನ್ನೊಂದು ತುದಿ ಡೆಟ್ರಾಯಿಟ್. ಆಗ ಅದು ಗೆಲ್ಲುವ ತಂಡ, ಹಾಗಾಗಿ ಮೊದಲ ಆಯ್ಕೆಗಳ ಭಾಗ್ಯ ಇಲ್ಲ. 1998ರಲ್ಲಿ 171ನೆಯವನಾಗಿ ಪಾವೆಲ್ ದಾತ್ಸುಕ್, 1999ರಲ್ಲಿ 210ನೆಯವನಾಗಿ ಹೆನ್ರಿಕ್ ಜೆಟ್ಟರ್‌ಬರ್ಗ್. ಇಬ್ಬರಿಗೂ ಅವಸರ ಮಾಡಲಿಲ್ಲ. ತಮ್ಮ ತಮ್ಮ ದೇಶದಲ್ಲೇ ಆಡಿ ಬಲಿತು, 20 ದಾಟಿದ ಮೇಲೆ ಬಂದರು. ಬಂದಾಗ ಡ್ರೆಸಿಂಗ್ ರೂಮಿನಲ್ಲಿ ಕಲಿಸೋಕೆ ದಿಗ್ಗಜರು ಕೂತಿದ್ದರು. 2008ರಲ್ಲಿ ಇಬ್ಬರೂ ಸೇರಿ ಸ್ಟ್ಯಾನ್ಲಿ ಕಪ್ ಎತ್ತಿದರು.

ಕೊಲರಾಡೊ ಕಥೆ ಇನ್ನೂ ಚೆಂದ. 2016-17ರಲ್ಲಿ ಅದೇ ಲೀಗ್‌ನ ಕೊನೆಯ ತಂಡ. ಲಾಟರಿಯಲ್ಲೂ ಕೈಕೊಟ್ಟು ನಾಲ್ಕನೇ ಸ್ಥಾನಕ್ಕೆ ಜಾರಿತು. ಅಭಿಮಾನಿಗಳು ಹಣೆ ಚಚ್ಚಿಕೊಂಡರು. ಆ ನಾಲ್ಕನೇ ಆಯ್ಕೆಯೇ ಕೇಲ್ ಮಕಾರ್. ಅವನು ಎರಡು ವರ್ಷ ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಆಡಿಕೊಂಡಿದ್ದ. ಅಷ್ಟರಲ್ಲಿ ತಂಡವೂ ಸುಧಾರಿಸಿತು. 2019ರ ಪ್ಲೇಆಫ್‌ನಲ್ಲಿ ಇಳಿದು ಮೊದಲ ಪಂದ್ಯದಲ್ಲೇ ಗೋಲು. 2022ರಲ್ಲಿ ಕಪ್ ಗೆದ್ದಾಗ ಪ್ಲೇಆಫ್‌ನ ಶ್ರೇಷ್ಠ ಆಟಗಾರನೂ ಅವನೇ. ಅವರು ಹುಡುಗನನ್ನು ಕಾಯಿಸಿದರು ಅಂತ ಎಲ್ಲರೂ ಹೇಳ್ತಾರೆ. ನಾನು ಹೇಳೋದು, ಹುಡುಗ ಬರೋಷ್ಟರಲ್ಲಿ ಅವರು ಮನೆ ರಿಪೇರಿ ಮಾಡಿಕೊಂಡರು.

ಹಾಗಂತ ಎಲ್ಲ ತಂಡಕ್ಕೂ ಕಾಯುವ ವ್ಯವಧಾನ ಇರಲ್ಲ. ನಿಯಮಗಳೂ ಬಿಡಲ್ಲ. ಕೆನಡಾದ ಜೂನಿಯರ್ ಲೀಗ್‌ನಿಂದ ಬಂದು ಎನ್‌ಎಚ್‌ಎಲ್ ಕಾಂಟ್ರಾಕ್ಟ್‌ಗೆ ಸಹಿ ಹಾಕಿದ 18ರ ಹುಡುಗನಿಗೆ ದಾರಿ ಎರಡೇ: ಎನ್‌ಎಚ್‌ಎಲ್, ಇಲ್ಲಾ ವಾಪಸ್ ಜೂನಿಯರ್. ಮಧ್ಯದ ಮೆಟ್ಟಿಲಾದ ಎಎಚ್‌ಎಲ್‌ಗೆ ಕಳಿಸಿ ಇಡೋ ಹಾಗಿಲ್ಲ. ಒಂದನೇ ಕ್ಲಾಸ್ ಹೆಚ್ಚಾಯ್ತು, ಮೂರನೇ ಕ್ಲಾಸ್ ಕಷ್ಟ ಆಯ್ತು, ಆದರೆ ಎರಡನೇ ಕ್ಲಾಸೇ ಇಲ್ಲ ಅನ್ನೋ ಹಾಗೆ. ಜೊತೆಗೆ ಹತ್ತನೇ ಪಂದ್ಯದ ಲೆಕ್ಕ ಬೇರೆ. ಒಂಬತ್ತು ಪಂದ್ಯದವರೆಗೆ ಆಡಿಸಿ ವಾಪಸ್ ಕಳಿಸಿದರೆ ಮೂರು ವರ್ಷದ ಅಗ್ಗದ ಕಾಂಟ್ರಾಕ್ಟ್ ಒಂದು ವರ್ಷ ಮುಂದಕ್ಕೆ ಜರುಗತ್ತೆ. ಹತ್ತು ಆಡಿಸಿದರೆ ಒಂದು ವರ್ಷ ಖರ್ಚಾಯ್ತು. ಹುಡುಗ ಬೆಳೆದಿದ್ದಾನಾ ಅನ್ನೋ ಪ್ರಶ್ನೆ ಕೇಳಬೇಕಾದ ಹೊತ್ತಲ್ಲಿ ಕ್ಯಾಲ್ಕುಲೇಟರ್ ಹಿಡಿದು ಕೂತಿರ್ತಾರೆ.

ಇಷ್ಟೆಲ್ಲ ಕೇಳಿ ನಾನು ಕಾಯಿಸು ಪಂಗಡಕ್ಕೇ ಸೇರಿಬಿಡೋನಿದ್ದೆ. ತಡೆದಿದ್ದು ಮ್ಯಾಕ್ಲಿನ್ ಸೆಲೆಬ್ರಿನಿ ಕಥೆ.

2024ರ ಮೊದಲ ಆಯ್ಕೆ ಅವನು. ಆರಿಸಿದ ಸ್ಯಾನ್ ಹೋಸೆ ಹಿಂದಿನ ಋತುವಿನಲ್ಲಿ ಕಟ್ಟಕಡೆಯ ತಂಡ. 18ರ ಹುಡುಗ, ನೇರ ಎನ್‌ಎಚ್‌ಎಲ್‌ಗೆ ಇಳಿಸಿದರು. ನನ್ನ ಲೆಕ್ಕದ ಪ್ರಕಾರ ಹಾಳಾಗಬೇಕಿತ್ತು. ಆದರೆ 70 ಪಂದ್ಯದಲ್ಲಿ 63 ಪಾಯಿಂಟ್! ಹೇಗೆ? ಪ್ರತಿಭೆ ಬಿಡಿ, ಅದು ಇದ್ದೇ ಇದೆ. ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ. ಆ ವರ್ಷ ಅವನು ಒಬ್ಬನೇ ಫ್ಲ್ಯಾಟ್ ಮಾಡಿಕೊಂಡು ಇರಲಿಲ್ಲ. ಜೋ ಥಾರ್ನ್‌ಟನ್ ಮನೆಯಲ್ಲಿದ್ದ. ಥಾರ್ನ್‌ಟನ್ ಅಂದ್ರೆ ಅದೇ ತಂಡದ ಹಳೆಯ ನಾಯಕ. ಮಡದಿ ಮಕ್ಕಳಿರೋ ಸಂಸಾರಸ್ಥ.

ಈ ಥಾರ್ನ್‌ಟನ್ ಕೂಡ 1997ರಲ್ಲಿ ಮೊದಲ ಆಯ್ಕೆಯಾಗಿ ಬಾಸ್ಟನ್‌ಗೆ ಹೋದವನೇ. ಮೊದಲ ವರ್ಷ 55 ಪಂದ್ಯದಲ್ಲಿ ಮೂರೇ ಮೂರು ಗೋಲು. ಆಮೇಲೆ ಎಷ್ಟೋ ಎತ್ತರಕ್ಕೆ ಏರಿದ, ಬಿಡಿ. ಆದರೆ 18ರಲ್ಲಿ ಎಲ್ಲರ ನಿರೀಕ್ಷೆ ಹೊತ್ತು ತಡವರಿಸೋದು ಹೇಗಿರತ್ತೆ ಅಂತ ಗೊತ್ತಿದ್ದವನು, ಇನ್ನೊಬ್ಬ ಮೊದಲ ಆಯ್ಕೆಗೆ ತನ್ನ ಮನೆಯ ಕೋಣೆ ಬಿಟ್ಟುಕೊಟ್ಟ. 2005ರಲ್ಲಿ ಪಿಟ್ಸ್‌ಬರ್ಗ್‌ಗೆ ಬಂದ ಸಿಡ್ನಿ ಕ್ರಾಸ್ಬಿ ಕೂಡ ಹೀಗೇ ಮಾರಿಯೋ ಲೆಮ್ಯೂ ಮನೆಯಲ್ಲಿ ವರ್ಷಗಟ್ಟಲೆ ಇದ್ದ. ಕ್ರಾಸ್ಬಿ ಮೂರು ಕಪ್ ಗೆದ್ದಿದ್ದಾನೆ.

ಇದನ್ನು ಓದುವಾಗ ನಂಗೆ ನೆನಪಾಗಿದ್ದು ನನ್ನ ಮೊದಲ ಕೆಲಸ. ದಾವಣಗೆರೆಯಿಂದ ಬೆಂಗಳೂರಿಗೆ ಬಂದವನು, ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಮೊದಲ ಹೆಸರು ನಂದೇ ಅಂತ ಜಂಬ. ಮೂರನೇ ತಿಂಗಳಿಗೇ ದೊಡ್ಡ ಕ್ಲೈಂಟ್ ಪ್ರಾಜೆಕ್ಟ್‌ಗೆ ಹಾಕಿದರು. "ಟಾಪರ್ ಅಲ್ವಾ, ಮಾಡ್ತಾನೆ ಬಿಡಿ." ಕಲಿಸಬೇಕಿದ್ದ ಇಬ್ಬರು ಆಗಲೇ ಬೇರೆ ಕಂಪನಿಗೆ ಹಾರಿದ್ದರು. ಒಂದು ರಾತ್ರಿ ನಾನು ಓಡಿಸಿದ ಸ್ಕ್ರಿಪ್ಟ್‌ನಿಂದ ಎಡವಟ್ಟಾಗಿ, ಬೆಳಗ್ಗೆ ಕಾಲ್‌ನಲ್ಲಿ ಹದಿನೈದು ಜನರ ಮುಂದೆ ಮಂಗಳಾರತಿ. ಪಿಜಿಗೆ ಬಂದು ಊರಿಗೆ ಬಸ್ ಟಿಕೆಟ್ ಹುಡುಕ್ತಾ ಕೂತಿದ್ದೆ.

ಆ ಸಂಜೆ ಬೇರೆ ಟೀಮಿನ ಹಿರಿಯರೊಬ್ಬರು ಫೋನ್ ಮಾಡಿ "ಊಟಕ್ಕೆ ಬಾ" ಅಂದರು. ವಿಜಯನಗರದಲ್ಲಿ ಮನೆ. ಅವರ ಅಮ್ಮ ಅನ್ನ, ತಿಳಿಸಾರು, ಹಪ್ಪಳ ಬಡಿಸಿದರು. ಸ್ಕ್ರಿಪ್ಟ್ ವಿಷಯ ಯಾರೂ ಎತ್ತಲಿಲ್ಲ. ಕೈ ತೊಳೆಯುವಾಗ ಅವರು ತಮ್ಮ ಮೊದಲ ವರ್ಷದ ಎಡವಟ್ಟು ಹೇಳಿಕೊಂಡು ನಕ್ಕರು. ನಂದಕ್ಕಿಂತ ದೊಡ್ಡದು! ಆಮೇಲೆ ಒಂದು ವರ್ಷ ಪ್ರತಿ ಗುರುವಾರ ಅಲ್ಲೇ ಊಟ. ನಾನು ಈ ಕ್ಷೇತ್ರದಲ್ಲಿ ಉಳಿದಿದ್ದೇ ಆ ಸಾರಿನ ಋಣದಿಂದ ಅಂತ ಈಗಲೂ ನಂಬಿದ್ದೀನಿ.

ಈಗ ಸರದಿ ನಂದು. ಸೆಪ್ಟೆಂಬರ್‌ಗೆ ನಮ್ಮ ಟೀಮಿಗೆ ಹೊಸಬಳೊಬ್ಬಳು ಬರ್ತಿದ್ದಾಳೆ. ಇಂಟರ್‌ವ್ಯೂ ಮಾಡಿದವನು ನಾನೇ, ನನಗಿಂತ ಚುರುಕು. ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: "ನೇರ ಲೈವ್ ಪ್ರಾಜೆಕ್ಟ್‌ಗೆ ಹಾಕೋಣ್ವಾ, ಆರು ತಿಂಗಳು ಟ್ರೈನಿಂಗಾ?" ಲಂಚ್ ಟೇಬಲ್ ಜಗಳವೇ ನನ್ನ ಟೇಬಲ್ಲಿಗೆ ಬಂದು ಕೂತಿತು.

ಎರಡು ದಿನ ಟೈಮ್ ತಗೊಂಡು ಹೇಳಿದೆ: ಲೈವ್‌ಗೇ ಹಾಕೋಣ. ಆದರೆ ಒಂದು ಷರತ್ತು. ಮೊದಲ ಆರು ತಿಂಗಳು ನನ್ನನ್ನು ಆ ಪ್ರಾಜೆಕ್ಟ್‌ನಿಂದ ಎತ್ತಬಾರದು. ಪ್ರಮೋಷನ್‌ಗೆ ದಾರಿಯಾಗೋ ಹೊಸ ಪ್ರಾಜೆಕ್ಟ್ ಒಂದು ನನಗಾಗಿ ಕಾದಿತ್ತು, ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕಾಯ್ತು. ಸುಳ್ಳು ಯಾಕೆ, ಹೊಟ್ಟೆ ಸ್ವಲ್ಪ ಉರಿಯಿತು. ಈಗಲೂ ಸ್ವಲ್ಪ ಉರಿಯತ್ತೆ.

ಎಡ್ಮಂಟನ್ ಗೆಳೆಯನಿಗೆ ಹೇಳಿದಾಗ "ಹಾಗಾದ್ರೆ ನೀನು ಆಡಿಸು ಪಂಗಡ, ನಾನು ಗೆದ್ದೆ" ಅಂತ ಕುಣಿದ. ಇಲ್ಲ ಕಣೋ ಅಂದೆ. ಆಡಿಸೋದಾದ್ರೆ ಪಕ್ಕದಲ್ಲಿ ಕೂರೋಕೆ ಒಬ್ಬರು ಬೇಕು, ಕಾಯಿಸೋದಾದ್ರೆ ಆ ಕಾಲದಲ್ಲಿ ಮನೆ ಸರಿಮಾಡಬೇಕು. ಎರಡೂ ಮಾಡದ ತಂಡಕ್ಕೆ ನೂರು ಸಲ ಮೊದಲ ಆಯ್ಕೆ ಕೊಟ್ಟರೂ ದಂಡ.

ಅವನು ಒಂದು ನಿಮಿಷ ಸುಮ್ಮನಿದ್ದು "ನಿಮ್ಮ ಮನೆಯಲ್ಲಿ ಗುರುವಾರ ಏನು ಅಡುಗೆ?" ಅಂತ ಕೇಳಿದ.

ತಿಳಿಸಾರು ಅಂದೆ. ಅವನೂ ಬರ್ತಾನಂತೆ.

ನಿಮ್ಮ ಮೊದಲ ವರ್ಷದಲ್ಲಿ ಊಟಕ್ಕೆ ಕರೆದವರು ಯಾರಾದ್ರೂ ಇದ್ದರಾ? ಇದ್ದರೆ ಇವತ್ತು ಅವರಿಗೊಂದು ಫೋನ್ ಮಾಡಿ. ನಾನು ವಿಜಯನಗರಕ್ಕೆ ಮಾಡಿದೆ. ಅಮ್ಮನೇ ಎತ್ತಿದರು, "ಊಟ ಆಯ್ತೇನಪ್ಪಾ?" ಅಂತಲೇ ಶುರುಮಾಡಿದರು.