ಕರಡಿ ಬೇಟೆಗಾರರ ಮಾತು: ನಂಬುವುದೆಷ್ಟು, ಬಿಡುವುದೆಷ್ಟು?

ಮಲೆನಾಡಿನ ಹಿರಿಯರೊಡನೆ ಮಾತಿಗೆ ಕುಳಿತರೆ ಬೇಟೆಯ ಪ್ರಸ್ತಾಪ ಬರಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಹಂದಿ, ಕಡವೆಗಳ ಕಥೆಯನ್ನು ನಗುನಗುತ್ತ ಹೇಳುವವರು ಕರಡಿಯ ಮಾತು ಬಂದೊಡನೆ ಗಂಭೀರರಾಗುತ್ತಾರೆ. ಹುಲಿಯಾದರೂ ಮನುಷ್ಯನನ್ನು ಕಂಡು ಸರಿದುಹೋದೀತು, ಕರಡಿ ಮೇಲೆ ಬೀಳದೆ ಬಿಡದು ಎಂಬುದು ಅವರ ತೀರ್ಮಾನ. ಅದರ ಮಾಂಸವನ್ನು ತಿಂದೆವೆಂದು ಹೇಳುವವರೂ, ಅದರ ಕೊಬ್ಬಿನಿಂದ ಕೀಲುನೋವು ವಾಸಿಯಾಯಿತೆಂದು ಹೇಳುವವರೂ ಉಂಟು.

ಈ ಮಾತುಗಳನ್ನು ನಾವು ಹೇಗೆ ಸ್ವೀಕರಿಸಬೇಕು? ಓದಿದವರು ಸಾಮಾನ್ಯವಾಗಿ ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾರೆ. ಎಲ್ಲವನ್ನೂ ಬೇಟೆಗಾರರ ಬಡಾಯಿಯೆಂದು ತಳ್ಳಿಹಾಕುವುದು ಒಂದು. ಅನುಭವಸ್ಥರ ಮಾತೆಂದು ಎಲ್ಲವನ್ನೂ ಒಪ್ಪಿಬಿಡುವುದು ಮತ್ತೊಂದು. ಇವೆರಡೂ ಸೋಮಾರಿತನದ ದಾರಿಗಳೇ. ಬೇಟೆಗಾರನು ಕಣ್ಣಾರೆ ಕಂಡದ್ದು, ಕಂಡದ್ದರಿಂದ ಊಹಿಸಿದ್ದು, ಇತರರಿಂದ ಕೇಳಿದ್ದು ಎಂದು ಅವನ ಮಾತನ್ನು ಮೂರು ಪಾಲು ಮಾಡಿ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಕಂಡದ್ದನ್ನು ಏಕೆ ಗೌರವಿಸಬೇಕೆಂಬುದಕ್ಕೆ ಶಾಸ್ತ್ರಜ್ಞರ ಒಂದು ಎಡವಟ್ಟೇ ಸಾಕ್ಷಿ. 1791ರಲ್ಲಿ ಜಾರ್ಜ್ ಷಾ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞನು ನಮ್ಮ ಕರಡಿಯ ಉದ್ದನೆಯ ಉಗುರುಗಳನ್ನೂ ಹಲ್ಲುಗಳ ವಿಚಿತ್ರ ರಚನೆಯನ್ನೂ ನೋಡಿ, ಅದನ್ನು ಅಮೆರಿಕ ಖಂಡದಲ್ಲಿ ಮರಕ್ಕೆ ಜೋತುಬಿದ್ದು ಬದುಕುವ ‘ಸ್ಲಾತ್’ ಎಂಬ ಜಡಪ್ರಾಣಿಯ ಬಳಗಕ್ಕೆ ಸೇರಿಸಿದನು. ಮುಂದೆ ತಪ್ಪು ತಿಳಿದು, ‘ಮೆಲುರ್ಸಸ್ ಉರ್ಸಿನಸ್’ ಎಂಬ ಹೆಸರಿನಿಂದ ಅದು ಕರಡಿಗಳ ಸಾಲಿಗೆ ಬಂದಿತು. ಆದರೂ ಇಂಗ್ಲಿಷಿನಲ್ಲಿ ಅದು ಇಂದಿಗೂ ‘ಸ್ಲಾತ್ ಕರಡಿ’ಯೇ. ಮಲೆನಾಡಿನ ಯಾವ ಬೇಟೆಗಾರನೂ ಇಂಥ ತಪ್ಪು ಮಾಡುತ್ತಿರಲಿಲ್ಲ!

ಕರಡಿ ಹುತ್ತವನ್ನು ಬಗೆದು, ಮೂತಿಯಿಟ್ಟು ಗೆದ್ದಲನ್ನು ಹೀರುವ ಸದ್ದು ದೂರಕ್ಕೆ ಕೇಳಿಸುತ್ತದೆಂದು ಬೇಟೆಗಾರರು ಹೇಳುತ್ತಾರೆ. ಇದು ಅಕ್ಷರಶಃ ನಿಜ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಅದಕ್ಕಿಲ್ಲ. ಆ ಸಂದಿನಲ್ಲಿ, ಉದ್ದ ತುಟಿಗಳನ್ನು ಕೊಳವೆಯಂತೆ ಮಾಡಿ, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು ಅದು ಗೆದ್ದಲನ್ನು ಸೆಳೆದುಕೊಳ್ಳುತ್ತದೆ. ಆ ಸದ್ದು ನೂರು ಗಜಕ್ಕೂ ಆಚೆ ಕೇಳಿಸುವುದುಂಟು. ನೇರಳೆ, ಅತ್ತಿ, ಕಕ್ಕೆಕಾಯಿ, ಜೇನು ಇವು ಅದರ ಉಳಿದ ಆಹಾರ. ಬೇಟೆಗೆ ಓಡುವ ಪ್ರಾಣಿಯೇ ಅದಲ್ಲ.

ಹಾಗಾದರೆ ಅದು ಮನುಷ್ಯನ ಮೇಲೆ ಬೀಳುವುದೇಕೆ? ಕರಡಿಗೆ ಹಗೆ, ಹುಚ್ಚುಕೋಪ ಎಂದು ಬೇಟೆಗಾರರು ಹೇಳುವುದು ಊಹೆಯ ಪಾಲು. ಅವರು ಕಂಡದ್ದನ್ನೇ ಹಿಡಿದು ನಡೆದರೆ ಬೇರೆ ಉತ್ತರ ದೊರೆಯುತ್ತದೆ. ಕರಡಿಯ ಮೂಗು ಚುರುಕು. ಕಣ್ಣು, ಕಿವಿಗಳು ಮಂದ. ಹುತ್ತದೊಳಗೆ ಮುಖವಿಟ್ಟು ತಾನೇ ಸದ್ದು ಮಾಡುತ್ತಿರುವಾಗ, ಗಾಳಿಗೆದುರಾಗಿ ಬರುವ ಮನುಷ್ಯನು ಹತ್ತು ಮಾರಿನೊಳಗೆ ಬರುವವರೆಗೂ ಅದಕ್ಕೆ ತಿಳಿಯುವುದಿಲ್ಲ. ತಾಯಿಕರಡಿ ಮರಿಗಳನ್ನು ಹಲವು ತಿಂಗಳು ಬೆನ್ನಮೇಲೆ ಹೊತ್ತು ತಿರುಗುತ್ತದೆ. ಹುಲಿ ಚಿರತೆಗಳೊಡನೆ ಒಂದೇ ಕಾಡಿನಲ್ಲಿ ಬಾಳಿಬಂದ ಈ ಪ್ರಾಣಿಗೆ, ಹಠಾತ್ತನೆ ಎದುರಾದದ್ದರ ಮೇಲೆ ತಾನೇ ಮೊದಲು ಎರಗುವುದು ಆತ್ಮರಕ್ಷಣೆಯ ಕ್ರಮವಾಗಿದೆ. ಅದು ಹಗೆಯಲ್ಲ, ಗಾಬರಿ. ಆದರೆ ಹತ್ತು ಸೆಂಟಿಮೀಟರಿನವರೆಗೂ ಬೆಳೆಯುವ ಉಗುರುಗಳು ಮುಖಕ್ಕೆ ತಗುಲಿದಾಗ ಈ ಭೇದದಿಂದ ಗಾಯಾಳುವಿಗೆ ಸಮಾಧಾನವಾಗುವುದಿಲ್ಲವೆಂಬುದೂ ನಿಜ.

ಕಂಡದ್ದೂ ಕೇಳಿದ್ದೂ ಹೇಗೆ ಕಲಸಿಹೋಗುವುವೆಂಬುದಕ್ಕೆ ಮಲೆನಾಡಿನ ಆಚೆ, ಬಯಲುಸೀಮೆಯ ಅರಸೀಕೆರೆಯ ಕಡೆಯಿಂದ ಒಂದು ಪ್ರಸಿದ್ಧ ಉದಾಹರಣೆಯಿದೆ. ಅಲ್ಲಿಯ ಬೆಟ್ಟಗಳಲ್ಲಿದ್ದ ಕರಡಿಯೊಂದು ಕನಿಷ್ಠ 12 ಮಂದಿಯನ್ನು ಕೊಂದು, ಸುಮಾರು ಇಪ್ಪತ್ತನಾಲ್ಕು ಮಂದಿಯನ್ನು ಗಾಯಗೊಳಿಸಿತ್ತೆಂದು, ಅದನ್ನು ಬೇಟೆಯಾಡಿದ ಕೆನೆತ್ ಆಂಡರ್ಸನ್ 1957ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಅದು ಹೀಗೇಕಾಯಿತೆಂಬುದಕ್ಕೆ ಸುತ್ತಲಿನ ಜನ ನಾನಾ ಕಾರಣಗಳನ್ನು ಹೇಳುತ್ತಿದ್ದರು. ಅದು ಹೆಣ್ಣೊಬ್ಬಳನ್ನು ಹೊತ್ತೊಯ್ದಿತ್ತು, ಊರವರು ಬಿಡಿಸಿಕೊಂಡು ಬಂದುದರಿಂದ ಸೇಡು ತೀರಿಸುತ್ತಿತ್ತು ಎಂಬುದೂ ಅವುಗಳಲ್ಲೊಂದು. ಹಿಂದೆ ಮನುಷ್ಯರಿಂದ ಗಾಯಗೊಂಡಿದ್ದ ಕರಡಿಯಾಗಿರಬೇಕೆಂಬುದು ಆಂಡರ್ಸನ್ನನ ಎಣಿಕೆ. ಮೊದಲನೆಯದು ಬಾಯಿಂದ ಬಾಯಿಗೆ ಬಂದ ಕಥೆ. ಎರಡನೆಯದು ಊಹೆಯಾದರೂ ಪ್ರಾಣಿಯ ಸ್ವಭಾವಕ್ಕೆ ಹೊಂದುವ ಊಹೆ. ಈ ಅಂತರವನ್ನು ವಾಚಕರು ಗಮನಿಸಬೇಕು.

ಇನ್ನು ಮಾಂಸದ ಮಾತು. ರುಚಿಯ ವಿಷಯದಲ್ಲಿ ತಿಂದವರು ಒಬ್ಬರಂತೆ ಒಬ್ಬರು ಹೇಳುವುದಿಲ್ಲ. ಇದರಲ್ಲಿ ಸುಳ್ಳೇನೂ ಇರಬೇಕಾಗಿಲ್ಲ. ಪ್ರಾಣಿ ತಿಂದ ಆಹಾರ, ಅದರ ವಯಸ್ಸು, ಕೊಬ್ಬಿನ ಪ್ರಮಾಣ ಇವುಗಳಿಗೆ ತಕ್ಕಂತೆ ಮಾಂಸದ ವಾಸನೆ ಬದಲಾಗುವುದು ಸಹಜ. “ತಿಂದೆವು, ಏನೂ ಆಗಲಿಲ್ಲ” ಎಂಬ ಮಾತನ್ನು ಮಾತ್ರ ಒರೆಗೆ ಹಚ್ಚಬೇಕು. ಟ್ರೈಕಿನೆಲ್ಲ ಎಂಬ ಸೂಕ್ಷ್ಮ ಹುಳುವಿನ ಮರಿಗಳು ಹಂದಿ, ಕರಡಿ ಮುಂತಾದ ಪ್ರಾಣಿಗಳ ಸ್ನಾಯುಗಳಲ್ಲಿ ಅಡಗಿರಬಹುದು. ಅರೆಬೆಂದ ಮಾಂಸದೊಡನೆ ಅವು ಹೊಟ್ಟೆಗೆ ಹೋದರೆ ಕರುಳಿನಲ್ಲಿ ಬೆಳೆದು, ಅವುಗಳ ಸಂತಾನವು ತಿಂದವನ ಸ್ನಾಯುಗಳನ್ನು ಸೇರುತ್ತದೆ. ಜ್ವರ, ಮೈನೋವು, ಕಣ್ಣಿನ ಸುತ್ತ ಊತ ಕಾಣಿಸಿಕೊಳ್ಳುವುವು. 2022ರಲ್ಲಿ ಅಮೆರಿಕದ ಸೌತ್ ಡಕೋಟದಲ್ಲಿ ಕುಟುಂಬವೊಂದರವರು ಕೆನಡದಿಂದ ತಂದ ಕರಡಿಮಾಂಸವನ್ನು ಸುಟ್ಟು ತಿಂದಾಗ 6 ಮಂದಿಗೆ ಈ ರೋಗ ತಗುಲಿತು. ಅವರಲ್ಲಿ ಇಬ್ಬರು ಮಾಂಸವನ್ನು ಮುಟ್ಟಿಯೇ ಇರಲಿಲ್ಲ. ಅದರೊಡನೆ ಬೇಯಿಸಿದ ತರಕಾರಿಯನ್ನಷ್ಟೇ ತಿಂದಿದ್ದರು. ಆ ಮಾಂಸವನ್ನು 45 ದಿನ ಹಿಮಗಟ್ಟಿಸಿ ಇಟ್ಟಿದ್ದರೂ ಹುಳುಗಳು ಸತ್ತಿರಲಿಲ್ಲ. ಅವುಗಳನ್ನು ನಿಶ್ಚಯವಾಗಿ ಕೊಲ್ಲುವುದು ಬೆಂಕಿಯೇ. ಮಾಂಸದ ಒಳಭಾಗದ ಕಾವು 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕೆಂಬುದು ವೈದ್ಯರ ನಿಯಮ. ಮಲೆನಾಡಿನ ಒಲೆಯ ಮೇಲೆ ಗಂಟೆಗಟ್ಟಲೆ ಕುದಿದ ಸಾರನ್ನು ಉಂಡವರಿಗೆ ಏನೂ ಆಗದಿದ್ದರೆ, ಆ ಪುಣ್ಯ ಮಡಕೆಯದು, ಮಾಂಸದ್ದಲ್ಲ.

ಕೊಬ್ಬಿನಿಂದ ಕೀಲುನೋವು ಹೋಯಿತೆಂಬುದನ್ನೂ ಹೀಗೆಯೇ ನೋಡಬೇಕು. ಬಿಸಿಮಾಡಿದ ಯಾವ ಎಣ್ಣೆಯನ್ನು ತಿಕ್ಕಿದರೂ ನೋವು ಸ್ವಲ್ಪ ಇಳಿಯುತ್ತದೆ. ಕೊಬ್ಬರಿ ಎಣ್ಣೆಯನ್ನು ಜೊತೆಗಿಟ್ಟು ಹೋಲಿಸದೆ ಕರಡಿಗೆ ಕೀರ್ತಿ ಕೊಡಲಾಗದು. ಮಕ್ಕಳ ಹೆದರಿಕೆ ಬಿಡಿಸಲು ಕಟ್ಟುವ ಕರಡಿ ಕೂದಲಿನ ತಾಯಿತಕ್ಕಂತೂ ನಂಬಿಕೆಯೊಂದೇ ಆಧಾರ. ಇಂಥ ನಂಬಿಕೆಗಳಿಗಾಗಿ ಕರಡಿ ಸಾಯಬೇಕಾಗಿಲ್ಲ.

ಇಂದು ಈ ಬೇಟೆಗೆ ಅವಕಾಶವೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಕರಡಿಯ ಹೆಸರಿದೆ. ಅದನ್ನು ಕೊಲ್ಲುವುದೂ ಅದರ ಮಾಂಸವನ್ನು ಇಟ್ಟುಕೊಳ್ಳುವುದೂ ಸೆರೆವಾಸಕ್ಕೆ ಗುರಿಯಾಗುವ ಅಪರಾಧಗಳು. ಸಾಗರದ ಕಡೆಯ ಶರಾವತಿ ಕಣಿವೆಯೂ, ಹೊಸನಗರ ತೀರ್ಥಹಳ್ಳಿಗಳಿಗೆ ಚಾಚಿರುವ ಶೆಟ್ಟಿಹಳ್ಳಿಯ ಕಾಡೂ ಅಭಯಾರಣ್ಯಗಳಾಗಿವೆ. ಕಾಯಿದೆ ಸರಿಯಾದದ್ದೇ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಬೇಟೆ ನಿಂತಿತೆಂದು ಭೇಟಿ ನಿಂತಿಲ್ಲ. ಸೊಪ್ಪು, ಸೌದೆ, ಜೇನು, ಸೀಗೆಗಳಿಗಾಗಿ ಕಾಡಿಗೆ ಹೋಗುವವರಿಗೆ ಕರಡಿ ಇಂದಿಗೂ ಎದುರಾಗಬಹುದು. ಕೈಯಲ್ಲಿ ಕೋವಿಯಿಲ್ಲದ ಅವರಿಗೆ ರಕ್ಷಣೆಯೆಂದರೆ ತಿಳಿವಳಿಕೆಯೇ. ಹೊಸದಾಗಿ ಬಗೆದ ಹುತ್ತ ಕಂಡರೆ ನಿಲ್ಲಬೇಕು. ಗುಂಪಾಗಿ, ಮಾತಾಡುತ್ತ ನಡೆಯಬೇಕು. ನಸುಕಿನಲ್ಲೂ ಮುಸ್ಸಂಜೆಯಲ್ಲೂ ಹಳುವಿಗೆ ನುಗ್ಗಬಾರದು. ಇವೆಲ್ಲ ಹಳೆಯ ಬೇಟೆಗಾರರಿಗೆ ಗೊತ್ತಿದ್ದ ಪಾಠಗಳು.

ಬಿಲ್ಲಿಗೆ ಕುಳಿತವರು, ಹಳು ಸೋವಿದವರು ಈಗ ಬೆರಳೆಣಿಕೆಯಷ್ಟು ಮಂದಿ. ಅವರೊಡನೆ ಈ ಅನುಭವವೂ ಮಣ್ಣಾಗಬಾರದು. ಮೂರು ತಾಲ್ಲೂಕುಗಳ ಶಾಲಾ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಹಿರಿಯರ ಬಳಿ ಕುಳಿತು, ಎಲ್ಲಿ, ಯಾವ ತಿಂಗಳಲ್ಲಿ, ಎಷ್ಟು ದೂರದಲ್ಲಿ, ಏನನ್ನು ಕಂಡಿರಿ ಎಂದು ಕೇಳಿ ಬರೆದಿಡಲಿ. ಕಂಡದ್ದು, ಊಹಿಸಿದ್ದು, ಕೇಳಿದ್ದು ಎಂದು ಮೂರು ಅಂಕಣಗಳಿರಲಿ. ಕೋವಿಯನ್ನು ಕೆಳಗಿಟ್ಟದ್ದು ಒಳ್ಳೆಯದಾಯಿತು. ಕೋವಿ ಹಿಡಿದವರು ಕಂಡದ್ದನ್ನು ಕೈಬಿಡುವುದು ಒಳ್ಳೆಯದಲ್ಲ.